ಗಾಡಿ, ಮಿದುಳು ಮತ್ತು ಒಣಮೆಣಸಿನಕಾಯಿ

ಕೆಲವರ ಮನೆಯಲ್ಲಿ ನಗೆಪಾಟಲಿನ ಪ್ರಸಂಗಗಳು ವರ್ಷಕ್ಕೊಮ್ಮೆ ನಡೆಯುತ್ತವೆ. ನಮ್ಮ ಮನೆಯಲ್ಲಿ ಹಾಗಲ್ಲ; ನಾನು ನನ್ನ ಮಿದುಳನ್ನು ತಿದ್ದಲು ಹೊರಟ ಮೇಲಂತೂ ವಾರಕ್ಕೊಂದು ಬಿಡದೆ ನಡೆದವು.

ನಾನು ಇರುವುದು ರೋಣದಲ್ಲಿ, ಕಲಿಸುವುದು ಬೆಳವಣಕಿಯ ಹೈಸ್ಕೂಲಿನಲ್ಲಿ. ವಯಸ್ಸು ನಲವತ್ತನಾಲ್ಕು. ಒಮ್ಮೆ ದಸರಾ ಸೂಟಿ ಮುಗಿಸಿ ಬರುವಷ್ಟರಲ್ಲಿ ಮುಂಜಾನೆಯ ಬಸ್ಸು ಮುಕ್ಕಾಲು ತಾಸು ತಡವಾಗಿ ಬಿಡತೊಡಗಿತ್ತು. ನಾನು ಸಾಲಿಯ ಗೇಟು ಮುಟ್ಟುವ ಹೊತ್ತಿಗೆ ಪ್ರಾರ್ಥನೆ ಮುಗಿದು, ಹತ್ತನೆಯ ತರಗತಿಯ ಮೊದಲ ಪಿರಿಯಡ್ಡು ಅರ್ಧ ಕರಗಿರುತ್ತಿತ್ತು. ನಮ್ಮ ಹೆಡ್‌ಮಾಸ್ತರರು ಸಿಟ್ಟಿನವರಲ್ಲ. ಸಂಕ್ರಮಣದ ತನಕ ನೋಡುತ್ತೇನೆ, ಆಮೇಲೆ ಹತ್ತನೆಯ ತರಗತಿಯನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ, ನೀವು ರೋಣಕ್ಕೇ ವರ್ಗ ಕೇಳಿಕೊಂಡರೆ ಒಳ್ಳೆಯದು ಎಂದು ಅಗದಿ ಮೆತ್ತಗೆ ಹೇಳಿದರು. ಒಂಬತ್ತು ವರ್ಷ ಆ ಸಾಲಿಯಲ್ಲಿ ಕಳೆದಿದ್ದೆ. ಮಧ್ಯಾಹ್ನ ಮಕ್ಕಳು ಬರೆಯುವಾಗ ಬಾಗಿಲಲ್ಲಿ ನಿಂತು, ದೂರದ ಎರೆಹೊಲದ ಮೇಲೆ ಬಿಸಿಲು ನೀರಿನ ಹಾಗೆ ಅಲ್ಲಾಡುವುದನ್ನು ನೋಡುವ ಸುಖ ರೋಣದಲ್ಲಿ ಎಲ್ಲಿ ಸಿಗಬೇಕು?

ಪರಿಹಾರ ನಮ್ಮ ಅಂಗಳದಲ್ಲೇ ಇತ್ತು. ಯಜಮಾನರು ಐದು ತಿಂಗಳ ಹಿಂದೆ ತಂದ ಸ್ಕೂಟರು, ಧೂಳು ಬೀಳದಿರಲೆಂದು ನನ್ನ ಹಳೆಯ ಇಳಕಲ್ ಸೀರೆ ಹೊದ್ದು, ಮುನಿಸಿಕೊಂಡ ಬೀಗತಿಯ ಹಾಗೆ ಮೂಲೆ ಹಿಡಿದಿತ್ತು. ಅದನ್ನು ಓಡಿಸಬೇಕಾದವಳು ನಾನು. ಓಡಿಸಲಾರೆ ಎಂದು ಗಟ್ಟಿಯಾಗಿ ನಂಬಿದವಳೂ ನಾನೇ.

೧. ಕಂಬದ ಹಿಂದೆ ಬರ್ರಿ

ಕಾರ್ತೀಕದಲ್ಲಿ ಗಜೇಂದ್ರಗಡದಲ್ಲಿ ಶಿಕ್ಷಕರಿಗೆಂದು ಒಂದು ದಿನದ ತರಬೇತಿ ಇತ್ತು, ಆಗುವುದಿಲ್ಲ ಎಂಬ ಯೋಚನೆಯನ್ನು ಬಿಡುವುದು ಹೇಗೆ ಅಂತ. ಕಿಟಕಿಯಿಂದ ಗುಡ್ಡದ ಮೇಲಿನ ಗಾಳಿ ಫ್ಯಾನುಗಳು ಕಾಣುತ್ತಿದ್ದವು. ದೊಡ್ಡ ಬಿಳಿಯ ಹಕ್ಕಿಗಳು ನಿದ್ದೆಯಲ್ಲಿ ರೆಕ್ಕೆ ಹೊರಳಿಸಿದಂತೆ ನಿಧಾನವಾಗಿ ತಿರುಗುತ್ತಿದ್ದವು. ಅವುಗಳ ಜೊತೆಗೇ ತಿರುಗುತ್ತ ನಾನು ಅರ್ಧ ಭಾಷಣ ಕಳೆದುಕೊಂಡೆ. ಮರಳಿ ಬಂದಾಗ ತರಬೇತಿ ಕೊಡುವವರು, ಮಿದುಳು ಭೋಳೆ, ದಿನಾ ಏನು ಹೇಳುತ್ತೇವೋ ಅದನ್ನೇ ನಂಬುತ್ತದೆ ಎನ್ನುತ್ತಿದ್ದರು. ಹೊಲದಲ್ಲಿ ಕಾಲುದಾರಿ ಬಿದ್ದಂತೆ ತಲೆಯೊಳಗೂ ದಾರಿ ಬೀಳುತ್ತದಂತೆ. ಹಳೆಯದನ್ನು ಬಿಟ್ಟು ಹೊಸದನ್ನು ತುಳಿಯಬೇಕಂತೆ. ನಿಮ್ಮನ್ನು ತಡೆದು ನಿಲ್ಲಿಸಿದ ಒಂದು ಮಾತು ಬರೆಯಿರಿ ಎಂದರು.

‘ಗಾಲಿ ಇದ್ದದ್ದು ಯಾವುದೂ ಇಕಿಗೆ ಆಗಿಬರಂಗಿಲ್ಲ’ ಎಂದು ಬರೆದೆ. ಏಳನೆಯ ಇಯತ್ತೆಯಲ್ಲಿ ಓದುವಾಗ ಸೈಕಲ್ ಸಮೇತ ತಿಪ್ಪೆಗೆ ಬಿದ್ದಾಗ ನಮ್ಮ ಸೋದರಮಾವ ಆಡಿದ ಮಾತು. ಮೂವತ್ತು ವರ್ಷದಿಂದ ತಲೆಯೊಳಗೆ ಚಕ್ಕಳಮಕ್ಕಳ ಹಾಕಿ ಕೂತಿತ್ತು. ಅದರ ಮೇಲೆ ಗೀಟು ಹೊಡೆದು, ಕೆಳಗೆ ‘ನಾನು ಗಾಡಿ ಚಲೋ ಹೊಡೀತೀನಿ’ ಎಂದು ಬರೆದೆ. ಸುಳ್ಳು ಬರೆದದ್ದು ಪಕ್ಕದವರಿಗೆ ಕಾಣದಿರಲೆಂದು ಹಾಳೆ ಮಡಚಿಟ್ಟೆ.

ಆಮೇಲೆ ಅವರು ಒಬ್ಬೊಬ್ಬರನ್ನೇ ಎಬ್ಬಿಸಿ, ಹೇಗಿದ್ದೀರಿ ಎಂದು ಕೇಳತೊಡಗಿದರು. ನಮ್ಮ ಕಡೆ ಇದಕ್ಕೆ ಇರುವುದು ಒಂದೇ ಉತ್ತರ: ಹಂಗ ನಡದೈತ್ರಿ. ಜೋಳ ಆಳೆತ್ತರ ನಿಂತಿದ್ದರೂ ಹಂಗ ನಡದೈತ್ರಿ, ಮಗಳು ಡಾಕ್ಟರಾಗಿದ್ದರೂ ಹಂಗ ನಡದೈತ್ರಿ. ಚಲೋ ಐತಿ ಅಂದುಬಿಟ್ಟರೆ ದೃಷ್ಟಿ ಆಗುತ್ತದಲ್ಲ. ಅವರು ಬೇರೆ ಸೀಮೆಯವರು, ಅವರಿಗೆ ಇದು ಇಡೀ ಜಿಲ್ಲೆಗೆ ತಗುಲಿದ ರೋಗದಂತೆ ಕಂಡಿತು. ಮುಂದಿನ ಸಾಲಿನಲ್ಲಿದ್ದ ಚಿಕ್ಕನರಗುಂದದ ಹಿರಿಯ ಮಾಸ್ತರರೊಬ್ಬರನ್ನು ಹಿಡಿದುಕೊಂಡರು. ಆ ಮಾಸ್ತರರ ಹೊಲದ ಕಡಲೆಯನ್ನು ದಾರಿಹೋಕರು ನಿಂತು ನೋಡಿ ಹೋಗುತ್ತಿದ್ದ ವರ್ಷ ಅದು.

“ಕಡಲೆ ಹೇಗಿದೆ ಸರ್?”

“ಐತ್ರಿ ಏನೋ.”

“ಹಾಗಲ್ಲ. ನಗುತ್ತ, ಗಟ್ಟಿಯಾಗಿ, ಬಹಳ ಚೆನ್ನಾಗಿದೆ ಅನ್ನಿ.”

ಮಾಸ್ತರರು ಹಿಂದೆ ತಿರುಗಿ ನಮ್ಮೆಲ್ಲರ ಕಣ್ಣು ನೋಡಿದರು. ಮತ್ತೆ ಮುಂದೆ ತಿರುಗಿದರು.

“ಇಷ್ಟು ಮಂದಿ ಮುಂದ ಬ್ಯಾಡ್ರಿ ಸರ. ಊಟಕ್ಕ ಬಿಟ್ಟಾಗ ಆ ಕಂಬದ ಹಿಂದ ಬರ್ರಿ, ನಿಮಗೊಬ್ಬರಿಗೇ ಹೇಳ್ತೀನಿ.”

೨. ಘಾಟು

ಹೊಸ ಮಾತನ್ನು ದಿನಾ ಮುಂಜಾನೆ ಕನ್ನಡಿಯ ಮುಂದೆ ನಿಂತು ಗಟ್ಟಿಯಾಗಿ ಹೇಳಬೇಕು ಎಂದು ಅಪ್ಪಣೆಯಾಗಿತ್ತು. ಕಣ್ಣು ಮುಚ್ಚಿ ಹೇಳಿದೆ. ನಾನು ಗಟ್ಟಿಮುಟ್ಟ ಅದೀನಿ, ನನಗ ಯಾವ ಅಂಜಿಕೀನೂ ಇಲ್ಲ, ಗಾಡಿ ನಾನು ಹೂವಿನಂಗ ಹೊಡೀತೀನಿ. ಕಣ್ಣು ತೆರೆದಾಗ ಕನ್ನಡಿಯಲ್ಲಿ ನನ್ನ ಬೆನ್ನ ಹಿಂದೆ ಅತ್ತಿ, ಯಜಮಾನರ ತಾಯಿ, ನಿಂತಿದ್ದರು, ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ಹಿಡಿದು. ಎಪ್ಪತ್ತೆರಡು ವರ್ಷದ ನಮ್ಮ ಅತ್ತಿ ಜೀವಮಾನದಲ್ಲಿ ಮನೆಯವರನ್ನು ಬಾಯಿತುಂಬ ಹೊಗಳಿದವರಲ್ಲ. ಬೇರೆ ಯಾರಾದರೂ ಹೊಗಳಿದರೆ ಸುಮ್ಮನೆ ಬಿಟ್ಟವರೂ ಅಲ್ಲ.

“ಮಂದಿ ದೃಷ್ಟಿ ತಗೀಬಹುದು,” ಎಂದರು ಮುಷ್ಟಿಯನ್ನು ನನ್ನ ಸುತ್ತ ನಿವಾಳಿಸುತ್ತ. “ತನ್ನ ದೃಷ್ಟಿ ತನಗ ಆತಂದ್ರ ಭಾಳ ಕೆಟ್ಟ. ಹೇಳೂದಿದ್ರ ಮನಸಿನ್ಯಾಗ ಹೇಳ್ಕೊ.”

ಮನಸ್ಸಿನಲ್ಲಿ ಹೇಳಿದರೆ ಮಿದುಳಿಗೆ ಕೇಳಿಸುವುದಿಲ್ಲ ಎಂದು ನನ್ನ ವಾದ. ನಾಲ್ಕು ದಿನ ಹೀಗೇ ನಡೆಯಿತು. ಒಳಗೆ ನಾನು ಹೇಳುವುದು, ಹೊರಗೆ ಅವರು ಮೆಣಸಿನಕಾಯಿ ಒಲೆಗೆ ಹಾಕುವುದು. ಯಜಮಾನರು ಕಣ್ಣೊರೆಸಿಕೊಳ್ಳುತ್ತ ಕಚೇರಿಗೆ ಹೋದರೆ, ಅಲ್ಲಿಯವರು ಮನೆಯಲ್ಲಿ ಏನಾಯಿತೆಂದು ಕೇಳಿ ಸಮಾಧಾನ ಹೇಳಿದರಂತೆ. ಐದನೆಯ ದಿನ ಅತ್ತಿ ಒಲೆಯ ಮುಂದೆ ಕೂತು ಯೋಚನೆಗೆ ಬಿದ್ದರು. ದೃಷ್ಟಿ ಆಗಿದ್ದರೆ ಎಷ್ಟು ಮೆಣಸಿನಕಾಯಿ ಸುಟ್ಟರೂ ಘಾಟು ಏಳುವುದಿಲ್ಲ ಎಂಬುದು ಅವರ ನಂಬಿಕೆ. ಇಲ್ಲಿ ನೋಡಿದರೆ ಓಣಿಗೆ ಓಣಿಯೇ ಸೀನುತ್ತಿತ್ತು.

“ಬಿಡು,” ಎಂದರು ಕಡೆಗೆ, ಸ್ವಲ್ಪ ಬೇಸರದಿಂದಲೇ. “ನೀ ಹೇಳೂದನ್ನ ದೃಷ್ಟಿ ಸೈತ ನಂಬವಲ್ದು.”

೩. ಕಿಟಕಿ ಪಕ್ಕದ ಸೀಟು

ಗಟ್ಟಿಯಾಗಿ ಹೇಳುವುದು ಅಲ್ಲಿಗೆ ನಿಂತಿತು. ಉಳಿದದ್ದು ತರಬೇತಿಯಲ್ಲಿ ಹೇಳಿದ ಎರಡನೆಯ ಉಪಾಯ. ಕಣ್ಣು ಮುಚ್ಚಿ, ಆ ಕೆಲಸವನ್ನು ಮಾಡುತ್ತಲೇ ಇದ್ದೇನೆ ಎಂದು ಮನಸ್ಸಿನಲ್ಲಿ ಚಿತ್ರ ಕಟ್ಟಿಕೊಳ್ಳುವುದು. ಖರೇ ಹೇಳಬೇಕೆಂದರೆ ಇದಕ್ಕೆ ನನಗೆ ಯಾರ ತರಬೇತಿಯೂ ಬೇಕಿರಲಿಲ್ಲ. ಹುಟ್ಟಿದಾಗಿನಿಂದ ಮಾಡಿಕೊಂಡು ಬಂದದ್ದೇ ಅದು.

ಒಂದು ಮುಂಜಾನೆ, ಬೆಳವಣಕಿಯ ಮೇಲೆ ಹಾದು ನರಗುಂದಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಕಣ್ಣು ಮುಚ್ಚಿದೆ. ಗಾಡಿ ತಾನಾಗಿ ಚಾಲೂ ಆಯಿತು. ರೋಣ ಹಿಂದೆ ಉಳಿಯಿತು. ಎರಡೂ ಕಡೆ ಎರೆಹೊಲ, ಕುಸುಬಿಯ ಹಳದಿ, ಬಿಳಿಜೋಳದ ಮೇಲೆ ತೆಳ್ಳಗೆ ಹೊದಿಸಿದಂತೆ ಮಂಜು. ನನಗೆ ತೂಕವೇ ಇರಲಿಲ್ಲ. ಎದುರಿಗೆ ಕುರಿಹಿಂಡು ಬಂತು. ಮೆಲ್ಲಗೆ ಬ್ರೇಕ್ ಹಿಡಿದು ನಿಂತೆ, ಕೊನೆಯ ಮರಿ ದಾಟುವ ತನಕ ಕಾದೆ. ಕುರಿ ಕಾಯುವವನು ಕೈ ಎತ್ತಿದ, ನಾನೂ ಎತ್ತಿದೆ. ಮತ್ತೆ ಹೊರಟೆ. ಹಳ್ಳದ ಸೇತುವೆ ಬಂತು, ಹೋಯಿತು. ದಾರಿ ಮುಗಿಯುತ್ತಿರಲಿಲ್ಲ, ಮುಗಿಯುವುದು ನನಗೂ ಬೇಕಿರಲಿಲ್ಲ. ಎಲ್ಲೋ ಹಾರ್ನ್ ಕೇಳಿ ಕಣ್ಣು ಬಿಟ್ಟರೆ, ಎದುರಿಗೆ ನರಗುಂದದ ಗುಡ್ಡ.

ಬೆಳವಣಕಿ ಬಂದಾಗ ಯಾಕೆ ಎಬ್ಬಿಸಲಿಲ್ಲ ಎಂದು ಕಂಡಕ್ಟರನ ಮೇಲೆ ಹರಿಹಾಯ್ದೆ. ನಾನು ಎಲ್ಲಿ ಇಳಿಯುವವಳೆಂದು ಅವನಿಗೆ ಗೊತ್ತಿಲ್ಲದ್ದೇನಲ್ಲ.

“ಎಬ್ಬಸಾಕ ಬಂದಿದ್ನಿರಿ ಅಕ್ಕೋರ,” ಎಂದ. “ನೀವು ಎರಡೂ ಕೈ ಮುಂದ ಚಾಚಿ ಹ್ಯಾಂಡಲ್ ಹಿಡದಂಗ ಕುಂತಿದ್ರಿ. ಅಷ್ಟು ಜೋರ್ ಹೊಂಟಾಗ ಎಬ್ಬಿಸಿದ್ರ ಎಲ್ಲಿ ಬಿದ್ದುಗಿದ್ದೀರಿ ಅಂತ ಸುಮ್ಮನಾದೆ.”

೪. ಒಂದೇ ಒಂದು ಗಿಡ

ನಾನು ನರಗುಂದ ನೋಡಿ ಬಂದ ದಿನ ಹೆಡ್‌ಮಾಸ್ತರರು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಸಂಕ್ರಮಣಕ್ಕೆ ಉಳಿದ ವಾರಗಳನ್ನು ಬೆರಳು ಮಡಚಿ ಎಣಿಸಿದರು. ಅಷ್ಟು ಸಾಕಾಯಿತು. ಬಂದ ರವಿವಾರವೇ ಗಾಡಿಯನ್ನು ಊರ ಹೊರಗಿನ ಬಯಲಿಗೆ ಒಯ್ದೆವು. ಅಲ್ಲಿ ಇದ್ದದ್ದು ಒಂದೇ ಒಂದು ಬೇವಿನ ಗಿಡ. ನಾನು ಏರಿದೆ, ಯಜಮಾನರು ಹಿಂದಿನಿಂದ ಹಿಡಿದುಕೊಂಡು ಓಡಿದರು. ಗಿಡಕ್ಕ ಹೋಗಬ್ಯಾಡ, ಗಿಡಕ್ಕ ಹೋಗಬ್ಯಾಡ ಎಂದು ಅವರು ಕೂಗಿದಷ್ಟೂ ಇಡೀ ಬಯಲು ಕಣ್ಣಿನಿಂದ ಮಾಯವಾಗಿ ಗಿಡವೊಂದೇ ಉಳಿಯಿತು. ನೆಟ್ಟಗೆ ಅದಕ್ಕೇ ಹೋದೆ.

ಮೊಣಕಾಲು ಒರೆಸಿಕೊಳ್ಳುತ್ತ ತರಬೇತಿಯಲ್ಲಿ ಕಲಿತದ್ದನ್ನು ವಿವರಿಸಿದೆ: ಏನು ಆಗಬಾರದೋ ಅದನ್ನು ಹೇಳಬಾರದು, ಮಿದುಳು ಅದರ ಚಿತ್ರವನ್ನೇ ಹಿಡಿದುಕೊಳ್ಳುತ್ತದೆ, ಏನು ಆಗಬೇಕೋ ಅದನ್ನಷ್ಟೇ ಹೇಳಬೇಕು. ಕಚೇರಿಯಲ್ಲಿ ಇಡೀ ದಿನ ಪತ್ರ ಬರೆಯುವ ಮನುಷ್ಯ, ಮಾತಿನ ವಿಷಯದಲ್ಲಿ ಭಾಳ ಹುಷಾರು. ಆಯಿತು, ವಿಚಾರ ಮಾಡೇ ಹೇಳುತ್ತೇನೆ ಎಂದರು.

ಮತ್ತೆ ಹೊರಟೆ. ಗಾಳಿ ಚಲೋ ಇತ್ತು, ಮನಸ್ಸು ಹಗುರಾಗಿತ್ತು, ಗಿಡ ಮತ್ತೆ ಬರತೊಡಗಿತು.

“ಹಾಂ, ನೀ ಈಗ,” ಎಂದರು ಹಿಂದಿನಿಂದ ಏದುಸಿರು ಬಿಡುತ್ತ, “ನಿನ್ನ ಬಲಗಡೆ ಕಾಣುವಂಥಾ, ವಿಶಾಲವಾದಂಥಾ...”

ನಾನೂ ಗಾಡಿಯೂ ಗಿಡದ ಬುಡದಲ್ಲಿ ಮಲಗಿದ ಮೇಲೆ ಅವರು ಬಂದು ನಿಂತು, ಸಾವಕಾಶ ವಾಕ್ಯ ಮುಗಿಸಿದರು: “ಖಾಲಿ ಜಾಗಾದ ಕಡೆ ಹೊಳ್ಳು.”

೫. ಹಿಂದಿನ ಸೀಟು

ಹೇಗೋ ಕಲಿತೆ, ಲೈಸೆನ್ಸೂ ಬಂತು. ಗಾಡಿ ಮಾತ್ರ ಊರು ದಾಟಲಿಲ್ಲ. ದಿನಾ ಮುಂಜಾನೆ ಕೀಲಿ ಹಿಡಿದು ಅದರ ಮುಂದೆ ನಿಲ್ಲುವುದು, ಕೀಲಿಯನ್ನು ಮತ್ತೆ ಮೊಳೆಗೆ ತೂಗುಹಾಕುವುದು, ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಡುವುದು. ಸಂಕ್ರಮಣಕ್ಕೆ ನಾಲ್ಕು ದಿನ ಉಳಿದಿದ್ದ ಒಂದು ಮಂಜಿನ ಮುಂಜಾನೆಯೂ ಹಾಗೇ ನಿಂತಿದ್ದೆ. ಅತ್ತಿ ಒಳಗಿನಿಂದ ಬಂದರು. ಗಾಡಿಯ ಮೇಲಿನ ಸೀರೆ ತೆಗೆದು, ಮಡಚಿ, ಕಟ್ಟೆಯ ಮೇಲಿಟ್ಟರು. ಹಿಂದಿನ ಸೀಟಿನ ಮೇಲೆ ಒಂದೇ ಕಡೆ ಕಾಲು ಬಿಟ್ಟು ಏರಿ ಕೂತರು.

“ನಡಿ. ಒಬ್ಬಾಕಿನ್ನ ಬಿಡಂಗಿಲ್ಲ. ಬಿದ್ರ ಇಬ್ರೂ ಬೀಳೂಣು.”

ಯಜಮಾನರು ಓಡಿಬಂದು, ಸೆರಗಿನ ಮೇಲೆಯೇ ಅವರ ತಲೆಗೆ ಹೆಲ್ಮೆಟ್ ಇಳಿಸಿದರು. ಹೊರಟೆವು.

ಊರು ದಾಟಿದ ಮೇಲೆ ಮಂಜು ನಮ್ಮನ್ನು ಒಳಗೆ ಕರೆದುಕೊಂಡಿತು. ಮುಂದೆ ಹತ್ತು ಮಾರು ದಾರಿ, ಅದರಾಚೆ ಬಿಳುಪು. ಹೋದಂತೆಲ್ಲ ಇನ್ನು ಹತ್ತು ಮಾರು. ಕಡಲೆಹೊಲದ ಹುಳಿವಾಸನೆ ಗಾಳಿಯಲ್ಲಿತ್ತು. ನನ್ನ ತಲೆಯೊಳಗೆ ಅಂದು ಯಾರೂ ಮಾತಾಡಲಿಲ್ಲ. ಮಾತೆಲ್ಲ ಹಿಂದಿನ ಸೀಟಿನಿಂದ ಬರುತ್ತಿತ್ತು. ಹಾಲಿನ ಕ್ಯಾನು ಹೊತ್ತ ಸೈಕಲ್ಲಿನವನು ನಮ್ಮನ್ನು ತಿರುಗಿ ನೋಡಿದ. ಇಕಿಗೆ ಹೊಡಿಯಾಕ ಬರೂದಿಲ್ಲೋ ಯಪ್ಪಾ ಎಂದು ಅತ್ತಿ ಅವನಿಗೆ ಕೂಗಿ ಹೇಳಿದರು. ಹೊಲಕ್ಕೆ ಹೊರಟ ಹೆಣ್ಣುಮಕ್ಕಳು ನಿಂತು ಬೆರಗಾದರು. ನೋಡಬ್ಯಾಡ್ರವಾ, ಏನೂ ಬರೂದಿಲ್ಲ ಇಕಿಗೆ, ಈಗ ಬೀಳ್ತೀವಿ ಎಂದರು. ಟ್ರ್ಯಾಕ್ಟರಿನವನು ದಾರಿ ಬಿಟ್ಟುಕೊಟ್ಟು, ಅಮ್ಮಾರ ಸೊಸಿ ಭಾರಿ ಅದಾಳಲ್ರಿ ಎಂದಾಗಲಂತೂ ನನ್ನನ್ನು ಬಯ್ದ ಬಯ್ಗುಳ ಮುಂದಿನ ಹಳ್ಳದ ತನಕ ಮುಗಿಯಲಿಲ್ಲ. ಮದುವೆಯಾದ ಇಪ್ಪತ್ತು ವರ್ಷದಲ್ಲಿ ಅವರು ನನ್ನನ್ನು ಅಷ್ಟು ಹೊಗಳಿದ್ದು ಅದೇ ಮೊದಲು.

ಸಾಲಿಯ ಗೇಟು ಹೊಕ್ಕಾಗ ಮಕ್ಕಳು ಇನ್ನೂ ಸಾಲು ಹಿಡಿಯುತ್ತಿದ್ದರು. ಪ್ರಾರ್ಥನೆಯ ಗಂಟೆ ಆಗಿರಲಿಲ್ಲ. ಹೆಡ್‌ಮಾಸ್ತರರು ನನ್ನನ್ನು ನೋಡಿದರು, ಗಡಿಯಾರ ನೋಡಿದರು, ಹತ್ತನೆಯ ತರಗತಿಯ ಹಾಜರಿ ಪುಸ್ತಕ ತಂದು ನನ್ನ ಕೈಗೇ ಕೊಟ್ಟರು. ಅಕ್ಕೋರು ಗಾಡಿ ಇಷ್ಟು ಚಲೋ ಹೊಡೀತಾರಂತ ಗೊತ್ತಿರಲಿಲ್ಲ ಬಿಡ್ರಿ ಎಂದರು.

ಅತ್ತಿ ಇನ್ನೂ ಹೆಲ್ಮೆಟ್ ತೆಗೆದಿರಲಿಲ್ಲ. “ಎಲ್ಲೀದ್ರಿ ಮಾಸ್ತರ,” ಎಂದರು ಅದರೊಳಗಿನಿಂದ. “ಇಕಿಗೆ ಏನೂ ಬರೂದಿಲ್ಲ. ಗಾಡಿ ತಾನ ಬಂತು, ಇಕಿ ಸುಮ್ಮ ಮ್ಯಾಲೆ ಕುಂತಿದ್ಲು.”

ಹೆಡ್‌ಮಾಸ್ತರರು ಗಾಬರಿಯಾದರು. ಹಾಗಾದರೆ ಅಮ್ಮಾರು ಮರಳಿ ಹೋಗುವುದು ಬಸ್ಸಿಗೇ ಚಲೋ, ಇನ್ನೊಂದು ತಾಸಿಗೆ ರೋಣದ ಬಸ್ಸು ಐತಿ ಎಂದರು, ತಾವೇ ಹತ್ತಿಸಿ ಬರುವುದಾಗಿಯೂ ಹೇಳಿದರು.

ಅತ್ತಿ ಸಾಲಿಯ ಕಟ್ಟೆಯ ಮೇಲೆ ಕಾಲು ಚಾಚಿ ಕೂತರು.

“ಸಂಜೀತನಕ ಇಲ್ಲೇ ಕುಂದರ್ತೀನ್ರಿ. ಇಕಿ ಹಿಂದನ ಹೋಗಾಕಿ ನಾ. ಆ ಬಸ್ಸಿನ ಡ್ರೈವರಗ ಹೊಡಿಯಾಕ ಬರತೈತೋ ಇಲ್ಲೋ, ಯಾರಿಗೆ ಗೊತ್ತು.”