ಐವತ್ತು ಬಂದರೆ ಸಾಕು

ಬೇಕಾದ್ದಕ್ಕಿಂತ ಒಂದು ಚೂರು ಹೆಚ್ಚು ಎನ್ನುವುದನ್ನು ಕಂಡರೆ ವರ್ಲಿನ್ ಹೂಕ್‌ಸ್ಟ್ರಾನಿಗೆ ಮೈ ಉರಿಯುತ್ತಿತ್ತು. ಪಾದ್ರಿಗಳು ಪ್ರವಚನವನ್ನು ಐದು ನಿಮಿಷ ಎಳೆದರೆ ಉರಿಯುತ್ತಿತ್ತು. ಹೆಂಡತಿ ಬಟಾಣಿ ಸೂಪಿಗೆ ಇನ್ನೊಂದು ತುಂಡು ಮಾಂಸ ಹಾಕಿದರೂ ಉರಿಯುತ್ತಿತ್ತು (ತಿನ್ನುವಾಗ ಮಾತ್ರ ಉರಿಯುತ್ತಿರಲಿಲ್ಲ). ಅಯೋವಾದ ಆ ಡಚ್ಚರ ಊರಿನಲ್ಲಿ ಎಲ್ಲರೂ ಕೈ ಬಿಗಿಯವರೇ. ಅಂಥವರೇ "ವರ್ಲಿನ್ ಸ್ವಲ್ಪ ಅತಿ" ಎನ್ನುತ್ತಿದ್ದರೆಂದರೆ ಅವನ ಯೋಗ್ಯತೆಯನ್ನು ನೀವೇ ಊಹಿಸಿಕೊಳ್ಳಬಹುದು.

ಇಂಥ ಮಹಾನುಭಾವನ ಮನೆಯಲ್ಲಿ ಆ ಚಳಿಗಾಲವಿಡೀ ಒಂದು ದುಂದುವೆಚ್ಚ ನಡೆದಿತ್ತು. ಅವನ ಹೆಂಡತಿ ಡಾರ್ಲಿಸ್ ಐವತ್ತೇಳನೆಯ ವಯಸ್ಸಿನಲ್ಲಿ ಅಡುಗೆಮನೆಯ ಮೇಜಿನ ತುಂಬ ಅಮೆರಿಕದ ಇತಿಹಾಸ ಹರಡಿಕೊಂಡು ಓದುತ್ತಿದ್ದಳು. ಚಿಕ್ಕ ವಯಸ್ಸಿನಲ್ಲಿ ಬಸುರಿಯಾಗಿ ಕಾಲೇಜು ಬಿಟ್ಟವಳು (ಅದರಲ್ಲಿ ವರ್ಲಿನ್ನನ ಕೈವಾಡವೂ ಇತ್ತೆನ್ನಿ). ಆಮೇಲೆ ಶಾಲೆಯಲ್ಲಿ ಟೀಚರುಗಳ ಸಹಾಯಕಿಯಾಗಿ ಮೂವತ್ತು ವರ್ಷ ಮಕ್ಕಳ ಮೂಗು ಒರೆಸಿದಳು. ಸಂಜೆ ತರಗತಿಗಳಲ್ಲಿ ಒಂದೊಂದೇ ವಿಷಯ ಮುಗಿಸುತ್ತ ಬಂದು, ಈಗ ಪದವಿಗೆ ಮೂರೇ ಮೂರು ಕ್ರೆಡಿಟ್ ಉಳಿದಿದ್ದವು. ತರಗತಿಗೆ ಹೋಗದೆ ಒಂದು ಪರೀಕ್ಷೆ ಪಾಸು ಮಾಡಿದರೂ ಕಾಲೇಜು ಆ ಮೂರನ್ನು ಕೊಡುತ್ತಿತ್ತು. ಏಪ್ರಿಲ್‌ನಲ್ಲಿ ಪರೀಕ್ಷೆ, ಮೇ ತಿಂಗಳಲ್ಲಿ ಘಟಿಕೋತ್ಸವ.

ಇಷ್ಟು ಆತುರವೇಕೆಂದರೆ, ಡಾರ್ಲಿಸಳ ತಾಯಿ ಟೀನಾಗೆ ತೊಂಬತ್ತಮೂರು ತುಂಬಿತ್ತು. ಎಂಟನೇ ಕ್ಲಾಸಿಗೇ ಮನೆಯವರು ಶಾಲೆ ಬಿಡಿಸಿ ಹಾಲು ಕರೆಯಲು ಕೂರಿಸಿದ್ದ ಹೆಂಗಸು. ಈಗ ವೃದ್ಧಾಶ್ರಮದ ಕಿಟಕಿ ಪಕ್ಕ, ಮೂಗಿಗೆ ಆಮ್ಲಜನಕದ ಕೊಳವೆ ಸಿಕ್ಕಿಸಿಕೊಂಡು ಕೂತಿರುತ್ತಿದ್ದಳು.

"ನಮ್ಮ ವಂಶದಲ್ಲಿ ಒಬ್ಬಳಾದ್ರೂ ಆ ಕರೀ ಗೌನು ಹಾಕ್ಕೊಂಡು ವೇದಿಕೆ ದಾಟೋದನ್ನ ನೋಡ್ಬೇಕು," ಎನ್ನುತ್ತಿದ್ದಳು. "ಮೇ ತನಕ ಬಿಟ್ಟಿರಪ್ಪಾ ಅಂತ ದೇವರಿಗೆ ಹೇಳಿಟ್ಟಿದ್ದೀನಿ. ಅದಕ್ಕಿಂತ ಜಾಸ್ತಿ ಕೇಳೋಕೆ ನಾಚಿಕೆ."

ಹೀಗಿರುವಾಗ ಒಂದು ಭಾನುವಾರ, ಬೆಳಗಿನ ಪ್ರಾರ್ಥನೆಗೂ ಸಂಜೆಯ ಪ್ರಾರ್ಥನೆಗೂ ನಡುವೆ, ಮಾಡಲು ಬೇರೆ ಕೆಲಸವಿಲ್ಲದೆ ವರ್ಲಿನ್ ಆ ಪರೀಕ್ಷೆಯ ಕೈಪಿಡಿ ಎತ್ತಿಕೊಂಡ. ಹತ್ತು ನಿಮಿಷದಲ್ಲಿ ಅವನಿಗೆ ಜ್ಞಾನೋದಯವಾಯಿತು.

"ಡಾರ್ಲಿಸ್! ಪಾಸಾಗೋಕೆ ಎಷ್ಟು ಬೇಕು ಗೊತ್ತೇನೇ?"

"ಎಷ್ಟಾದ್ರೂ ಇರ್ಲಿ. ಓದೋಕೆ ಬಿಡು."

"ಐವತ್ತು! ಇಪ್ಪತ್ತರಿಂದ ಎಂಬತ್ತರ ತನಕ ಅಂಕ. ಕೈ ಕಟ್ಕೊಂಡು ಕೂತು ಎದ್ದು ಬಂದ್ರೂ ಇಪ್ಪತ್ತು ಕೊಡ್ತಾರೆ! ತಪ್ಪು ಉತ್ತರಕ್ಕೆ ಅಂಕ ಕಳೆಯೋದೂ ಇಲ್ಲ. ಐವತ್ತು ಬಂದ್ರೂ ಮೂರು ಕ್ರೆಡಿಟ್ಟು, ಎಂಬತ್ತು ಬಂದ್ರೂ ಅದೇ ಮೂರು. ಅಂಕಪಟ್ಟೀಲಿ ಎ ಅಂತಾಗ್ಲಿ ಬಿ ಅಂತಾಗ್ಲಿ ಬರೆಯೋದೇ ಇಲ್ವಂತೆ. ಅಂದ್ಮೇಲೆ ಐವತ್ತರ ಮೇಲಿಂದೆಲ್ಲ ದಂಡ!"

ಇದು ಅವನಿಗೆ ತಟ್ಟನೆ ಹೊಳೆದದ್ದರಲ್ಲಿ ಆಶ್ಚರ್ಯವಿಲ್ಲ. ಊರಿನ ಧಾನ್ಯ ಗೋದಾಮಿನ ತೂಕದ ಕಿಟಕಿಯಲ್ಲಿ ಕೂತು ಮೂವತ್ತೊಂದು ವರ್ಷದಿಂದ ಮೆಕ್ಕೆಜೋಳದ ತೇವ ಅಳೆಯುತ್ತಿದ್ದವನು ಅವನು. ಅಲ್ಲಿ ತೇವ ನೂರಕ್ಕೆ ಹದಿನೈದು ಇದ್ದರೆ ಸರಿ. ಯಾವನಾದರೂ ಹದಿಮೂರಕ್ಕೆ ಒಣಗಿಸಿ ತಂದರೆ, "ಸುಮ್ನೆ ಗ್ಯಾಸು ಸುಟ್ಟೆ, ತೂಕಾನೂ ಕಳ್ಕೊಂಡೆ, ನಿನಗೇನು ಮೆಡಲ್ ಕೊಡ್ಲಾ?" ಎಂದು ಕಿಟಕಿಯಿಂದಲೇ ಗದರುತ್ತಿದ್ದ. ಈಗ ಅವನ ಕಣ್ಣಿಗೆ ಹೆಂಡತಿಯೂ ಅಗತ್ಯಕ್ಕಿಂತ ಹೆಚ್ಚು ಒಣಗುತ್ತಿರುವ ಹಾಗೆ ಕಂಡಳು.

ಕೈಪಿಡಿಯ ಕೊನೆಯಲ್ಲಿ ಒಂದು ಮಾದರಿ ಪರೀಕ್ಷೆಯಿತ್ತು. ವರ್ಲಿನ್ ಗಡಿಯಾರ ಹಿಡಿದು ಎದುರಿಗೆ ಕೂತು ಅದನ್ನು ಬರೆಸಿದ. ಐವತ್ತಮೂರು ಬಂತು. ಅವನು ಇತಿಹಾಸವನ್ನು ಪಟ್ಟನೆ ಮುಚ್ಚಿದ.

"ಮುಗೀತು. ಇನ್ನು ಓದಬೇಡ."

"ಅಯ್ಯೋ, ನಾನಿನ್ನೂ ಅಂತರ್ಯುದ್ಧದ ಮಧ್ಯದಲ್ಲಿದ್ದೀನಿ ಕಣೋ!"

"ಉತ್ತರದೋರು ಗೆದ್ರು. ಸಾಕಾ?"

"ಇನ್ನು ಸ್ವಲ್ಪ ಜಾಸ್ತಿ ಬಂದ್ರೆ ಏನು ಗಂಟು ಹೋಗುತ್ತೆ ನಿಂದು?"

"ಸಂಜೆಗಳು ಹೋಗ್ತವೆ. ಆ ಸಂಜೆಗಳನ್ನ ಅಮ್ಮನ ಹತ್ರ ಹೋಗಿ ಕೂತ್ಕೊ. ಎಷ್ಟು ದಿನ ಇರ್ತಾರೋ ಏನೋ."

ಈ ಕೊನೆಯ ಮಾತು ಜಿಪುಣತನದ್ದಲ್ಲ, ನಿಜವಾಗಿಯೂ ಹೃದಯದಿಂದ ಬಂದದ್ದು. ಅದಕ್ಕೇ ಅದು ಕೆಲಸ ಮಾಡಿತು. ಡಾರ್ಲಿಸ್ ಪುಟಕ್ಕೆ ಗುರುತಿಟ್ಟು, ಪುಸ್ತಕವನ್ನು ಫ್ರಿಜ್ಜಿನ ಮೇಲಿಟ್ಟಳು.

ಏಪ್ರಿಲ್‌ನಲ್ಲಿ ಕಾಲೇಜಿನ ಕಂಪ್ಯೂಟರಿನ ಮುಂದೆ ಒಂದೂವರೆ ಗಂಟೆ ಕೂತು ಕೊನೆಯ ಗುಂಡಿ ಒತ್ತಿದ ಕೂಡಲೇ ಪರದೆಯ ಮೇಲೆ ಅಂಕ ಮೂಡಿತು. ಐವತ್ತೆರಡು.

"ಎರಡು ದಂಡ ಮಾಡಿದ್ಯಲ್ಲೇ!" ಎಂದು ವರ್ಲಿನ್ ಊರವರ ಮುಂದೆಲ್ಲ ಅವಳನ್ನು ರೇಗಿಸಿದ. ಮನಸ್ಸಿನೊಳಗೆ ಹಿಗ್ಗಿ ಹೀರೇಕಾಯಿಯಾಗಿದ್ದ. ಗೌನು, ಚೌಕ ಟೊಪ್ಪಿ ಬಂದವು. ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕೂಟಕ್ಕೆ ಜನರನ್ನು ಕರೆದದ್ದಾಯಿತು. 'ಅಭಿನಂದನೆಗಳು ಡಾರ್ಲಿಸ್' ಎಂದು ಬರೆಸಿದ ದೊಡ್ಡ ಕೇಕನ್ನು, ಯಾರೂ ಹೇಳದೆ, ವರ್ಲಿನ್ನೇ ತಂದ. ಊರು ಬೆರಗಾಯಿತು.

ಕೂಟಕ್ಕೆ ಹಿಂದಿನ ದಿನ ಕಾಲೇಜಿನ ಕಚೇರಿಯಿಂದ ಫೋನು ಬಂತು. ಡಾರ್ಲಿಸ್ ಗೌನಿಗೆ ಇಸ್ತ್ರಿ ಮಾಡುತ್ತಿದ್ದಳು, ಫೋನೆತ್ತಿದವನು ವರ್ಲಿನ್.

"ಸರ್, ನಿಮ್ಮ ಮನೆಯವರಿಗೆ ಐವತ್ತೆರಡು ಬಂದಿದೆ. ಆ ವಿಷಯಕ್ಕೆ ನಮ್ಮಲ್ಲಿ ಐವತ್ತೈದು ಬೇಕಾಗುತ್ತೆ," ಎಂದಿತು ಒಂದು ಮೃದುವಾದ ಹೆಣ್ಣುದನಿ.

"ಪುಸ್ತಕದಲ್ಲಿ ಐವತ್ತು ಅಂತ ಅಚ್ಚಾಗಿದೆಯಲ್ಲಮ್ಮಾ!"

"ಅದು ಅವರ ಶಿಫಾರಸು ಸರ್. ಎಷ್ಟಕ್ಕೆ ಒಪ್ಕೋಬೇಕು ಅನ್ನೋದು ಆಯಾ ಕಾಲೇಜಿಗೆ ಬಿಟ್ಟಿದ್ದು. ನಮ್ಮ ನಿಯಮಗಳ ಪುಟದಲ್ಲಿ ಹಾಕಿದ್ದೀವಿ."

ವರ್ಲಿನ್ ಜಗಳಕ್ಕೆ ಬಾಯಿ ತೆರೆದ. ಅಷ್ಟರಲ್ಲಿ ತನ್ನದೇ ಮಾತು ನೆನಪಾಯಿತು. ಪ್ರತಿ ಅಕ್ಟೋಬರಿನಲ್ಲೂ ಯಾವನಾದರೊಬ್ಬ ರೈತ, "ಪಕ್ಕದೂರಲ್ಲಿ ತೇವ ಹದಿನಾರಿದ್ರೂ ತಗೋತಾರೆ" ಎಂದು ತಕರಾರು ತೆಗೆಯುತ್ತಿದ್ದ. "ಎಷ್ಟಕ್ಕೆ ಒಪ್ಕೋಬೇಕು ಅನ್ನೋದು ಆಯಾ ಗೋದಾಮಿಗೆ ಬಿಟ್ಟಿದ್ದು, ಬೋರ್ಡು ಓದ್ಕೊ" ಎಂದು ಇದೇ ವರ್ಲಿನ್ ಮೂವತ್ತೊಂದು ವರ್ಷದಿಂದ ಹೇಳುತ್ತ ಬಂದಿದ್ದ. ಲೋಕದ ಎಲ್ಲ ಬೋರ್ಡುಗಳನ್ನೂ ಓದುವವನು ಹೆಂಡತಿಯ ಕಾಲೇಜಿನ ಬೋರ್ಡೊಂದನ್ನು ಓದಿರಲಿಲ್ಲ.

"ಇನ್ನೊಂದ್ಸಲ ಬರೀಬಹುದಾ?" ಎಂದು ಕೇಳುವಾಗ ಅವನ ದನಿ ಇಳಿದಿತ್ತು.

"ಖಂಡಿತ ಸರ್. ಮೂರು ತಿಂಗಳು ಬಿಟ್ಟು. ಆಮೇಲೆ ಡಿಸೆಂಬರ್ ಘಟಿಕೋತ್ಸವಕ್ಕೆ ಬರಬಹುದು."

ಅವನು ಫೋನಿಟ್ಟು ವಿಷಯ ಹೇಳಿದಾಗ ಡಾರ್ಲಿಸ್ ಇಸ್ತ್ರಿಪೆಟ್ಟಿಗೆಯ ತಂತಿ ಕಿತ್ತಳು. ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ, ಇಸ್ತ್ರಿಪೆಟ್ಟಿಗೆಯನ್ನೇ ತಲೆಗೆ ಗುರಿಯಿಟ್ಟು ಎಸೆದಿದ್ದರೆ, ವರ್ಲಿನ್ನನಿಗೆ ಎಷ್ಟೋ ಹಾಯೆನಿಸುತ್ತಿತ್ತು.

"ಬರೀ ಮೂರು ಅಂಕ," ಎಂದಳು. "ಓದ್ತಾ ಇದ್ನಲ್ಲ, ವರ್ಲಿನ್. ನಾನು ಓದ್ತಾನೇ ಇದ್ನಲ್ಲ."

"ಅಮ್ಮನಿಗೆ..."

"ನೀನೇ ಹೋಗಿ ಹೇಳು."

ಹೋದ. ಕೈಯಲ್ಲಿ ಕೇಕು ಹಿಡಿದುಕೊಂಡೇ ಹೋದ, ಯಾಕೆಂದರೆ ಎಂಥ ದುಃಖದಲ್ಲೂ ಕೇಕನ್ನು ಬಿಸಾಡುವುದು ಅವನ ಜಾಯಮಾನಕ್ಕೆ ಒಗ್ಗದು. ಟೀನಾ ಅಳಿಯನ ಮುಖ ನೋಡಿದಳು, ಕೇಕಿನ ಅಕ್ಷರ ನೋಡಿದಳು, ಪೂರ್ತಿ ಕಥೆ ಕೇಳಿದಳು. ಆಮೇಲೆ ಒಂದು ತುಂಡು ಕತ್ತರಿಸಿ ಕೊಡಲು ಹೇಳಿ ನಿಧಾನವಾಗಿ ತಿಂದಳು.

"ಡಿಸೆಂಬರ್‌ಗೆ ನಾನಿರಲ್ಲ," ಎಂದಳು, ನಾಳೆ ಬಿಸಿಲು ಬರುವುದಿಲ್ಲ ಎಂದಷ್ಟೇ ಸಹಜವಾಗಿ.

ವರ್ಲಿನ್ ತೂಕದ ಕಿಟಕಿಯ ಗತ್ತನ್ನೆಲ್ಲ ಬಿಟ್ಟು ಗಳಗಳನೆ ಅತ್ತುಬಿಟ್ಟ. ಮುದುಕಿ ಸ್ವೆಟರಿನ ಜೇಬಿನಿಂದ ಒಂದು ಪೆಪ್ಪರ್‌ಮಿಂಟ್ ತೆಗೆದು, ಚರ್ಚಿನಲ್ಲಿ ರಗಳೆ ಮಾಡುವ ಮಗುವಿಗೆ ಕೊಡುವಂತೆ ಅವನ ಕೈಗಿಟ್ಟಳು.

"ಅತ್ತಿದ್ದು ಸಾಕು. ನಾಳೆಯಿಂದ ಅವಳನ್ನೂ ಪುಸ್ತಕಾನೂ ಇಲ್ಲಿಗೇ ಕರ್ಕೊಂಡು ಬಾ. ನೀನು ಪ್ರಶ್ನೆ ಕೇಳು, ಅವಳು ಹೇಳ್ಲಿ. ವೇದಿಕೆ ದಾಟೋದು ನೋಡೋಕೆ ಆಗ್ದಿದ್ರೆ ಹೋಗ್ಲಿ, ನನ್ನ ಮಗಳು ಓದೋದನ್ನಾದ್ರೂ ನೋಡ್ತೀನಿ."

ಅಂದಿನಿಂದ ದಿನಾ ಸಂಜೆ ವೃದ್ಧಾಶ್ರಮದಲ್ಲಿ ಪಾಠ. ವರ್ಲಿನ್ ಕನ್ನಡಕ ಏರಿಸಿ ಇಸವಿಗಳನ್ನು ತಪ್ಪು ತಪ್ಪಾಗಿ ಓದುವುದು, ಡಾರ್ಲಿಸ್ ತಿದ್ದುವುದು, ಟೀನಾ ಇಬ್ಬರನ್ನೂ ಬೈಯುವುದು. "ಅವಳು ಹೇಳಿದ್ದು ಸರಿ ಇತ್ತಲ್ಲೋ, ಮುಂದಿನದು ಕೇಳು!" ಜೂನ್ ಕೊನೆಯ ವಾರ, ಪುಸ್ತಕದಲ್ಲಿ ಇನ್ನೂ ನಲವತ್ತು ಪುಟ ಇರುವಾಗ, ಟೀನಾ ಮಧ್ಯಾಹ್ನದ ನಿದ್ದೆಯಿಂದ ಏಳಲಿಲ್ಲ. ಆ ನಲವತ್ತು ಪುಟಗಳನ್ನು ಡಾರ್ಲಿಸ್ ಅಡುಗೆಮನೆಯಲ್ಲಿ ಒಬ್ಬಳೇ ಓದಿದಳು. ಪ್ರಶ್ನೆ ಕೇಳಲೇ ಎಂದು ಬಾಗಿಲಿಗೆ ಬಂದ ಗಂಡನಿಗೆ ಬೇಡವೆಂದು ತಲೆಯಾಡಿಸಿದಳು.

ಜುಲೈ ತಿಂಗಳ ಉರಿಬಿಸಿಲಿನಲ್ಲಿ ಮತ್ತೆ ಪರೀಕ್ಷೆ. ಅವಳು ಒಳಗೆ ಹೋದ ಮೇಲೆ ವರ್ಲಿನ್ ಹೊರಗೆ ಪಿಕಪ್ ಗಾಡಿಯಲ್ಲೇ ಕಾದ. ಒಂದೂವರೆ ಗಂಟೆಯ ಮೇಲೆ ಡಾರ್ಲಿಸ್ ಬಂದು ಬಾಗಿಲು ತೆರೆದರೆ, ಒಳಗೆ ತಣ್ಣಗೆ ಕೊರೆಯುತ್ತಿತ್ತು.

"ಅರವತ್ತೆಂಟು," ಎಂದಳು. ಆಮೇಲೆ, "ಇಷ್ಟೊತ್ತೂ ಏಸಿ ಹಾಕ್ಕೊಂಡೇ ಕೂತಿದ್ಯಾ?"

"ನೀನು ಬಂದಾಗ ತಣ್ಣಗಿರ್ಲಿ ಅಂತ."

ಆ ಕೇಕನ್ನು ಬಿಟ್ಟರೆ, ಮೂವತ್ತೇಳು ವರ್ಷದ ಸಂಸಾರದಲ್ಲಿ ಅವನು ಮಾಡಿದ ಮೊದಲ ದುಂದು ಅದು. ಡಾರ್ಲಿಸ್ ಅವನನ್ನು ದಿಟ್ಟಿಸಿ ನೋಡಿ, ಹತ್ತಿ ಕೂತಳು. ಗಾಡಿ ಊರ ಕಡೆ ತಿರುಗಿತು. ಎರಡೂ ಪಕ್ಕ ಆಳೆತ್ತರದ ಜೋಳದ ಹೊಲಗಳ ನಡುವೆ ಹತ್ತು ಮೈಲಿ ಬಂದಿದ್ದರೋ ಇಲ್ಲವೋ, ಗಾಡಿ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಹೋಗಿ ಬರಲು ಎಷ್ಟು ಬೇಕೋ ಅಷ್ಟೇ ಪೆಟ್ರೋಲನ್ನು ವರ್ಲಿನ್ ಬೆಳಿಗ್ಗೆ ಅಳೆದು ಹಾಕಿಸಿದ್ದ. ಏಸಿ ಕುಡಿದದ್ದು ಆ ಲೆಕ್ಕದಲ್ಲಿರಲಿಲ್ಲ.

ಡಾರ್ಲಿಸ್ ಪೆಟ್ರೋಲಿನ ಮುಳ್ಳಿನ ಕಡೆ ನೋಡಿದಳು, ಗಂಡನ ಕಡೆ ನೋಡಿದಳು, ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗು ಯಾವಾಗ ಅಳುವಾಯಿತೋ ಇಬ್ಬರಿಗೂ ತಿಳಿಯಲಿಲ್ಲ.

"ಬೇಕಾದ್ದಕ್ಕಿಂತ ಹದಿಮೂರು ಹೆಚ್ಚು ಬಂದಿದೆ, ವರ್ಲಿನ್," ಎಂದಳು ಕಣ್ಣೊರೆಸಿಕೊಳ್ಳುತ್ತ. "ಯಾರಿಗೆ ಹೋಗಿ ಹೇಳ್ಲಿ?"

"ನನಗೆ ಹೇಳು," ಎಂದ ಅವನು, ಕೇಳಿಯೂ ಕೇಳಿಸದಷ್ಟು ಮೆಲ್ಲಗೆ.

"ನಿನಗೇನು ಹೇಳೋದು? ನಿನಗೆ ಐವತ್ತೇ ಸಾಕಿತ್ತಲ್ಲ."

ವರ್ಲಿನ್ ಗಾಡಿಯಿಂದ ಇಳಿದ. ಹಿಂದಿನಿಂದ ಪೆಟ್ರೋಲಿನ ಖಾಲಿ ಡಬ್ಬಿ ತೆಗೆದುಕೊಂಡು, ದೂರದಲ್ಲಿ ಕಾಣುತ್ತಿದ್ದ ತೋಟದ ಮನೆಯ ಕಡೆ ಬಿಸಿಲಲ್ಲಿ ನಡೆದುಕೊಂಡು ಹೊರಟ.