ಕೋಣೆಯಿಂದ ಹಜಾರಕ್ಕೆ ಒಂದು ಭಾಷಣ

ಶಿಡ್ಲಘಟ್ಟದ ಚಲಪತಿ ಮೇಷ್ಟರ ಮನೆಯಲ್ಲಿ ಎರಡು ಕಂಪ್ಯೂಟರುಗಳಿದ್ದವು. ಆದರೆ ಒಂದಕ್ಕೂ ಇನ್ನೊಂದಕ್ಕೂ ಮಾತುಕತೆ ಇರಲಿಲ್ಲ. ಹಜಾರದಲ್ಲಿದ್ದದ್ದು ಮೇಷ್ಟರದು, ವಿಂಡೋಸ್. ಅದು ಆಗಾಗ ವೈರಸ್ ಹಿಡಿದು ಮಲಗುತ್ತಿತ್ತು. ಕೋಣೆಯಲ್ಲಿದ್ದದ್ದು ಹೆಂಡತಿ ವರಲಕ್ಷ್ಮಿಯದು. ಅದಕ್ಕೆ ವಿಂಡೋಸಿನ ಬದಲು ಲಿನಕ್ಸ್ ಹಾಕಿಕೊಟ್ಟವನು ಆಕೆಯ ತಮ್ಮ, ಚಿಕ್ಕಬಳ್ಳಾಪುರದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಮಧುಕುಮಾರ. ಅದಕ್ಕೆ ಇದುವರೆಗೆ ಒಂದು ನೆಗಡಿಯೂ ಬಂದಿರಲಿಲ್ಲ. ಹೆಂಡತಿಯ ತವರಿನಿಂದ ಬಂದದ್ದು ಯಾವುದೂ ಕೆಡುವುದೇ ಇಲ್ಲವಲ್ಲ ಎಂಬುದು ಮೇಷ್ಟರ ಬಹಳ ದಿನದ ಹೊಟ್ಟೆಯುರಿ. (ಮದುವೆಯಲ್ಲಿ ಬಂದ ಹಿತ್ತಾಳೆ ಕೊಳಗದ್ದೂ ಇದೇ ಕಥೆ.)

ಆ ಭಾನುವಾರ ಸಂಜೆ ಐದಕ್ಕೆ ಮೇಷ್ಟರು ಭಾಷಣ ಮಾಡಬೇಕಿತ್ತು. ಬಸ್ ನಿಲ್ದಾಣದ ಹತ್ತಿರ ಕೋನಪ್ಪನವರು ಕಂಪ್ಯೂಟರ್ ತರಬೇತಿ ಕೇಂದ್ರ ತೆರೆಯುತ್ತಿದ್ದರು. ಮನೆಯಲ್ಲಿ ಎರಡೆರಡು ಕಂಪ್ಯೂಟರ್ ಇಟ್ಟುಕೊಂಡ ಮಹಾನುಭಾವ ಬೇರೆ ಯಾರಿದ್ದಾರೆ ಎಂದು ಮೇಷ್ಟರನ್ನೇ ಮುಖ್ಯ ಅತಿಥಿ ಮಾಡಿದ್ದರು. ವಿಷಯ: ಮನೆ ಮನೆಗೂ ಕಂಪ್ಯೂಟರ್. ಮೇಷ್ಟರು ಹಜಾರದ ಕಂಪ್ಯೂಟರಿನ ಮುಂದೆ ಕುಳಿತು, 'ಭಾಷಣ' ಎಂಬ ಫೈಲು ತೆರೆದು, ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಗಣ್ಯರೇ, ಅಕ್ಕತಂಗಿಯರೇ ಎಂದು ಮೂರು ಸಾಲು ಹೊಡೆದರು. ನಾಲ್ಕನೆಯದು ಏನು ಮಾಡಿದರೂ ಬರಲಿಲ್ಲ. ಕೊನೆಗೆ ವರಲಕ್ಷ್ಮಿಯೇ ತನ್ನ ಕೋಣೆಯಲ್ಲಿ ಕುಳಿತು ನಾಲ್ಕು ಪುಟದ ಸೊಗಸಾದ ಭಾಷಣ ಬರೆದಳು. ಆಕೆಯೂ ಫೈಲಿಗೆ 'ಭಾಷಣ' ಎಂದೇ ಹೆಸರಿಟ್ಟಳು. ಪ್ರಿಂಟರ್ ಇದ್ದದ್ದು ಮಾತ್ರ ಹಜಾರದಲ್ಲಿ.

ಪಕ್ಕದ ಮನೆಯ ರೇಷ್ಮೆ ವ್ಯಾಪಾರಿ ಉಸ್ಮಾನ್ ಸಾಬರ ಮಗ ನಯೀಮನ ಹತ್ತಿರ ಪೆನ್‌ಡ್ರೈವ್ ಇದೆ, ಇಸಕೊಂಡು ಬರಲೇ ಎಂದು ವರಲಕ್ಷ್ಮಿ ಬೆಳಿಗ್ಗೆಯೇ ಕೇಳಿದಳು. ಮೇಷ್ಟರಿಗೆ ಅವಮಾನವಾಯಿತು. ಸಂಜೆ ಊರಿನವರ ಮುಂದೆ ಕಂಪ್ಯೂಟರಿನ ಮಹಿಮೆ ಸಾರಬೇಕಾದವನು ಬೆಳಿಗ್ಗೆ ಅಕ್ಕಿಸಕ್ಕರೆ ಸಾಲ ತಂದಂತೆ ಪೆನ್‌ಡ್ರೈವ್ ತರುವುದೇ? ಎರಡು ಕಂಪ್ಯೂಟರಿಗೂ ತಂತಿ ಎಳೆದು, ಫೈಲು ತಾನಾಗಿಯೇ ಹಜಾರಕ್ಕೆ ನಡೆದು ಬರುವಂತೆ ಮಾಡುತ್ತೇನೆ ಎಂದು ಘೋಷಿಸಿದರು.

ತಂತಿ ಬಂತು. ಅಡುಗೆಮನೆ ಬಾಗಿಲ ಹೊಸ್ತಿಲ ಮೇಲೆ ಹಾದು ಹೋದದ್ದರಿಂದ ಮೇಷ್ಟರ ತಾಯಿ ಅಮ್ಮಾಜಮ್ಮನವರು ಅದನ್ನು ಎರಡು ಸಲ ಎಡವಿ, ಮೂರನೆಯ ಸಲ ಅದನ್ನೆತ್ತಿ ಕಟ್ಟಿ ಒಗೆದ ಸೀರೆ ಹರವಲು ನೋಡಿದರು. ಮೇಷ್ಟರು ಹಜಾರದಿಂದ ಅಪ್ಪಣೆ ಕೊಡುವುದು, ವರಲಕ್ಷ್ಮಿ ಕೋಣೆಯಲ್ಲಿ ಪಾಲಿಸುವುದು, ನಡುವೆ ಅಮ್ಮಾಜಮ್ಮನವರು ಸೊಸೆಯ ಪಕ್ಕ ಕುಳಿತು ಅವರೆಕಾಯಿ ಬಿಡಿಸುವುದು, ಹೀಗೆ ಕಾರ್ಯಾಚರಣೆ ಶುರುವಾಯಿತು. ಲಿನಕ್ಸಿನ ಪರದೆಯ ಮೇಲೆ ಮೇಷ್ಟರ ಕಂಪ್ಯೂಟರ್ ಕಾಣಿಸಿತು. ಒತ್ತಿದರೆ ಯೂಸರ್‌ನೇಮ್, ಪಾಸ್‌ವರ್ಡ್ ಕೇಳಿತು. ಕೊಟ್ಟರೆ, ಒಳಗೆ ಬಿಡುವುದಿಲ್ಲ ಎಂದಿತು.

"ನನ್ನ ಹೆಸರು ಹಾಕ್ದ್ಯಾ?" ಎಂದು ಮೇಷ್ಟರು ಹಜಾರದಿಂದ ಕೇಳಿದರು.

"ಹಾಕಿದೀನಿ ಕಣ್ರೀ. ಒಪ್ತಾ ಇಲ್ಲ."

ಹಾಗಾದರೆ ಪಾಸ್‌ವರ್ಡೇ ತಪ್ಪು ಎಂದು ಮೇಷ್ಟರು ಅದನ್ನು ಒಂದೊಂದೇ ಅಕ್ಷರವಾಗಿ ಕೂಗಿ ಹೇಳಿದರು. ಗೋಡೆಯಾಚೆಯಿಂದ ಉಸ್ಮಾನ್ ಸಾಬರು, "ಮೇಷ್ಟ್ರೇ, ಕೊನೇಲಿ ಒಂದು ಸೊನ್ನೆನೋ ಎರಡೋ?" ಎಂದು ಕೇಳಿದರು. ಹೀಗೆ ಬೀದಿಗೆಲ್ಲ ಗೊತ್ತಾದ ಪಾಸ್‌ವರ್ಡನ್ನು ಬದಲಾಯಿಸಿ, ಹೊಸದನ್ನು ಇನ್ನೂ ಗಟ್ಟಿಯಾಗಿ ಕೂಗಿದರು. ಒಪ್ಪಲಿಲ್ಲ. ಫೈರ್‌ವಾಲ್ ತೆಗೆದರು, ವರ್ಕ್‌ಗ್ರೂಪ್ ಬದಲಿಸಿದರು, ತಂತಿ ಕಿತ್ತು ಬಾಯಿಂದ ಊದಿ ಮತ್ತೆ ಚುಚ್ಚಿದರು, ಕಂಪ್ಯೂಟರನ್ನು ಆರಿಸಿ ಹಚ್ಚಿದರು. ಹಠ ಬಿಟ್ಟು ಭಾವಮೈದುನನಿಗೆ ಫೋನು ಮಾಡಿದಾಗ ಅವನು, "ಭಾವ, ಸಾಂಬಾ ಸರಿಯಾಗಿ ಕೂತಿದೆಯಾ ನೋಡಿ," ಎಂದ. ಲಿನಕ್ಸು ವಿಂಡೋಸಿನ ಜೊತೆ ಮಾತಾಡಲು ಬೇಕಾದ ತಂತ್ರಾಂಶ ಅದು. ಮೇಷ್ಟರು ಅದನ್ನೇ ಹೆಂಡತಿಗೆ ಕೂಗಿ ಹೇಳಿದಾಗ ಅಮ್ಮಾಜಮ್ಮನವರು ಅವರೆಕಾಯಿ ಬದಿಗಿಟ್ಟು ಕೈ ಮುಗಿದರು. ಸಾಂಬಾ ಸರಿಯಾಗಿಯೇ ಕೂತಿತ್ತು.

ಮಧ್ಯಾಹ್ನದ ಊಟಕ್ಕೂ ಏಳದೆ ಗುದ್ದಾಡಿ, ಗಡಿಯಾರ ಮೂರೂವರೆ ತೋರಿಸಿದಾಗ ಮೇಷ್ಟರಿಗೆ ನಿಜವಾಗಿಯೂ ಹೆದರಿಕೆಯಾಯಿತು. ಭಾಷಣವಿಲ್ಲದೆ ವೇದಿಕೆ ಹತ್ತಿದರೆ ಮಾನ ಹೋಗುತ್ತದೆ. ಎದ್ದು ಕೋಣೆಗೆ ಬಂದು ಹೆಂಡತಿಯ ಬೆನ್ನ ಹಿಂದೆ ನಿಂತು ಪರದೆ ನೋಡಿದರು. ಯೂಸರ್‌ನೇಮ್ ಎಂದಿದ್ದ ಕಡೆ ಆಕೆ ಇಂಗ್ಲಿಷ್ ಅಕ್ಷರಗಳಲ್ಲಿ 'ನಮ್ಮನೆಯವರು' ಎಂದು ಟೈಪ್ ಮಾಡಿದ್ದಳು.

ಇದೇನಿದು ಎಂದು ಮೇಷ್ಟರು ಕೇಳಿದರು. ವರಲಕ್ಷ್ಮಿ ತಲೆ ತಗ್ಗಿಸಿ, ಕಣ್ಣಲ್ಲೇ ಅತ್ತೆಯ ಕಡೆ ತೋರಿಸಿದಳು. ಗಂಡನ ಹೆಸರು ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆ ಎಂಬುದು ಅಮ್ಮಾಜಮ್ಮನವರ ಕಟ್ಟಪ್ಪಣೆ. ಮದುವೆಯಾದಂದಿನಿಂದ ರೇಷನ್ ಅಂಗಡಿಯಲ್ಲಾಗಲಿ, ಡಾಕ್ಟರ ಹತ್ತಿರವಾಗಲಿ ವರಲಕ್ಷ್ಮಿ ಆ ಹೆಸರು ಎತ್ತಿದವಳಲ್ಲ.

"ಬಾಯಲ್ಲಿ ಹೇಳು ಅಂದ್ನಾ? ಬೆರಳಲ್ಲಿ ಒತ್ತೋಕೇನು?" ಎಂದರು ಮೇಷ್ಟರು.

"ಬಾಯಾದ್ರೇನು, ಬೆರಳಾದ್ರೇನು ಕಣಪ್ಪ," ಎಂದರು ಅಮ್ಮಾಜಮ್ಮ. "ನಿನ್ನ ಆಯಸ್ಸು ನಂಗೆ ಮುಖ್ಯ. ಆ ಡಬ್ಬ ನಿಂಗೆ ಮುಖ್ಯ."

ಮೇಷ್ಟರು ಕುರ್ಚಿ ಎಳೆದುಕೊಂಡು ತಮ್ಮ ಹೆಸರನ್ನು ತಾವೇ ಒತ್ತಿದರು. ಬಾಗಿಲು ತೆರೆದಂತೆ ಹಜಾರದ ಕಂಪ್ಯೂಟರ್ ತೆರೆದುಕೊಂಡಿತು. ಪರದೆಯ ಎಡಗಡೆ ಕೋಣೆಯದೊಂದು ಕಿಟಕಿ, ಬಲಗಡೆ ಹಜಾರದ್ದೊಂದು ಕಿಟಕಿ, ಎರಡರಲ್ಲೂ 'ಭಾಷಣ'. ಇರಿ, ನಾನು ಮಾಡ್ತೀನಿ ಎಂದು ವರಲಕ್ಷ್ಮಿ ಹೇಳುವಷ್ಟರಲ್ಲಿ ಅವರು ಒಂದನ್ನು ಹಿಡಿದು ಇನ್ನೊಂದು ಕಡೆ ಎಳೆದುಬಿಟ್ಟರು. ಈ ಹೆಸರಿನ ಫೈಲು ಆಗಲೇ ಇದೆ, ಅದನ್ನು ತೆಗೆದು ಇದನ್ನು ಹಾಕಲೇ ಎಂದು ಕಂಪ್ಯೂಟರ್ ವಿನಯದಿಂದ ಕೇಳಿತು. ಧಾರಾಳವಾಗಿ ಹಾಕು ಎಂದು ಒತ್ತಿದರು.

ತೆರೆದು ನೋಡಿದರೆ ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಗಣ್ಯರೇ, ಅಕ್ಕತಂಗಿಯರೇ. ಹಜಾರಕ್ಕೆ ಓಡಿ ಅಲ್ಲಿ ನೋಡಿದರೆ ಅಲ್ಲೂ ಅದೇ ಮೂರು ಸಾಲು. ಎರಡು ಕಂಪ್ಯೂಟರುಗಳೂ ಮೊದಲ ಬಾರಿಗೆ ಒಂದೇ ಮಾತಾಡುತ್ತಿದ್ದವು. ವರಲಕ್ಷ್ಮಿಯ ನಾಲ್ಕು ಪುಟ ಎಲ್ಲೂ ಇರಲಿಲ್ಲ.

ಮೇಷ್ಟರು ತಲೆಯ ಮೇಲೆ ಕೈಹೊತ್ತು ಕುಳಿತರು. ಹೆಂಡತಿಯ ಮುಂದೆ ಅಷ್ಟು ಮೆತ್ತಗಾಗಿ ಅವರು ಹಿಂದೆಂದೂ ಮಾತಾಡಿರಲಿಲ್ಲ. ನೀನೇ ಬಂದು ನನ್ನ ಪರವಾಗಿ ನಾಲ್ಕು ಮಾತು ಹೇಳು ಎಂದು ಬೇಡಿಕೊಂಡರು. ವರಲಕ್ಷ್ಮಿ ಒಪ್ಪಿದಳು. ಬರೆದದ್ದು ಹಾಗೆ ಹಾಗೇ ನೆನಪಿಲ್ಲ, ತೋಚಿದ್ದು ಹೇಳುತ್ತೇನೆ ಎಂದಳಷ್ಟೇ.

ಸಂಜೆ ಕೇಂದ್ರ ಕಿಕ್ಕಿರಿದಿತ್ತು. ಮೇಷ್ಟರು ಸುಗಂಧರಾಜದ ಹಾರ ಹಾಕಿಸಿಕೊಂಡು, ಮೂರು ಸಾಲನ್ನು ಗಂಭೀರವಾಗಿ ಓದಿ, ಮನೆಯ ಕಂಪ್ಯೂಟರಿನ ಬಗ್ಗೆ ಮಹಿಳೆಯರೇ ಮಾತಾಡುವುದು ಯುಗಧರ್ಮ ಎಂದು ಹೇಳಿ, ಹೆಂಡತಿಗೆ ಮೈಕು ಬಿಟ್ಟುಕೊಟ್ಟು ಕುಳಿತರು. ವರಲಕ್ಷ್ಮಿ ನಿಂತು, ತನಗೆ ಗೊತ್ತಿರುವವರೊಬ್ಬರ ಮನೆಯಲ್ಲಿ ಒಂದು ಫೈಲು ಕೋಣೆಯಿಂದ ಹಜಾರಕ್ಕೆ ಹೊರಟ ಕಥೆಯನ್ನು ಶುರುಮಾಡಿದಳು. ಅದು ಯಾರ ಮನೆಯೆಂದು ಮೇಷ್ಟರಿಗೆ ಗೊತ್ತಾಯಿತು. ಆದರೆ ಆಕೆ ಹೆಸರು ಹೇಳುವ ಭಯವಂತೂ ಇಲ್ಲ. ಅಮ್ಮನ ಕಟ್ಟಪ್ಪಣೆಯನ್ನು ಮನಸ್ಸಿನಲ್ಲೇ ಕೊಂಡಾಡಿ, ಯಾರಿಗೂ ಅನುಮಾನ ಬರದಿರಲೆಂದು ಎಲ್ಲರಿಗಿಂತ ಜೋರಾಗಿ ನಗತೊಡಗಿದರು. ಪಾಸ್‌ವರ್ಡ್ ಕೂಗಿದ್ದಕ್ಕೆ ತೊಡೆ ತಟ್ಟಿ ನಕ್ಕರು. ಫೈಲನ್ನು ಉಲ್ಟಾ ಎಳೆದದ್ದಕ್ಕೆ, ಎಂಥಾ ಪೆದ್ದ ಎಂದು ಪಕ್ಕದವರಿಗೆ ಕೇಳುವಂತೆ ಹೇಳಿದರು.

ಕೋನಪ್ಪನವರು ಕಣ್ಣೊರೆಸಿಕೊಳ್ಳುತ್ತ ಎದ್ದು, "ಯಾರಮ್ಮ ಆ ಪುಣ್ಯಾತ್ಮರು? ಹೆಸರು ಹೇಳ್ಬಿಡಿ, ನಮ್ಮಲ್ಲೇ ಮೊದಲ ವಿದ್ಯಾರ್ಥಿಯಾಗಿ ಸೇರಿಸ್ಕೊಳ್ಳಣ," ಎಂದರು.

ವರಲಕ್ಷ್ಮಿ ನಾಚಿ ಸೆರಗು ಸರಿಮಾಡಿಕೊಂಡಳು. "ಅವರ ಹೆಸರು ನಾನು ಹೇಳಂಗಿಲ್ಲ," ಎಂದಳು.

ಮೊದಲು ಹೆಂಗಸರ ಸಾಲು, ಅದರ ಹಿಂದೆ ಗಂಡಸರ ಸಾಲುಗಳು, ಎಲ್ಲ ತಲೆಗಳೂ ಒಟ್ಟಾಗಿ ತಿರುಗಿ, ಇನ್ನೂ ತೊಡೆ ತಟ್ಟಿಕೊಂಡು ನಗುತ್ತಲೇ ಇದ್ದ ಮುಖ್ಯ ಅತಿಥಿಗಳನ್ನು ನೋಡಿದವು.