ತೊಟ್ಟಿಲಿನಲ್ಲಿ ಅರವತ್ತು ಕೆಜಿ

"ಇನ್ನು ಮೇಲೆ ಈ ಬೀದೀಲಿ ಯಾರೂ ಯಾವ ಭಾರಾನೂ ಹೆಗಲ ಮೇಲೆ ಹೊರಬೇಕಾಗಿಲ್ಲ" ಎಂದು ಮೆಷಿನ್ ಡಾಕ್ಟರ್ ಒಂದು ಸೋಮವಾರ ಬೆಳಿಗ್ಗೆ ಚಹಾ ಅಂಗಡಿಯ ಮುಂದೆ ನಿಂತು ಘೋಷಿಸಿದ. ಕೇಳಿಸಿಕೊಂಡವರು ಇಬ್ಬರೇ. ಒಬ್ಬ ಇಸ್ತ್ರಿ ಅಂಗಡಿಯವನು, ಇನ್ನೊಬ್ಬ ಚಹಾ ಸೋಸುತ್ತಿದ್ದವನು. ರಾಜ್ಯ ಗೆದ್ದು ಬಂದ ಅರಸರೂ ಇದಕ್ಕಿಂತ ಸಣ್ಣ ದನಿಯಲ್ಲಿ ಮಾತಾಡಿರುತ್ತಾರೆ.

ಡಾಕ್ಟರ್ ಎಂದರೆ ಗಾಬರಿಯಾಗಬೇಡಿ. ಅವನು ಹೊಲಿಗೆ ಮೆಷಿನ್ ರಿಪೇರಿ ಮಾಡುವವನು. ಕಪ್ಪು ಚೀಲ ಹಿಡಿದು ಮನೆ ಮನೆಗೆ ಹೋಗಿ, ಮೆಷಿನ್ನಿಗೆ ಕಿವಿಗೊಟ್ಟು, "ಯಾವಾಗಿಂದ ಹೀಗೆ?" ಎಂದು ಕೇಳುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು. ಈಗ ಅವನು ತನ್ನ ಹಳೆಯ ಮೋಟಾರ್ ಸೈಕಲ್ಲಿಗೆ ಒಂದು ಸೈಡ್‌ಕಾರ್ ಹಾಕಿಸಿದ್ದ. ಗುಜರಿಯಲ್ಲಿ ಸಿಕ್ಕಿದ್ದು. ಒಂದೇ ಚಕ್ರ, ಒಂದೇ ಸೀಟು, ಮುಂದೆ ದೋಣಿಯ ಹಾಗೆ ಚೂಪಾದ ಮೂತಿ. ಬೀದಿಯ ಮಕ್ಕಳು ಅದನ್ನು ನೋಡಿದ ದಿನವೇ ತೊಟ್ಟಿಲು ಎಂದು ಕರೆದವು. ಡಾಕ್ಟರಿಗೆ ಮೊದಲು ಸಿಟ್ಟು ಬಂತು, ಎರಡು ದಿನದಲ್ಲಿ ತಾನೂ ಹಾಗೇ ಕರೆಯತೊಡಗಿದ.

ಅದರ ಉಪಯೋಗವನ್ನು ಅವನ ಬಾಯಲ್ಲೇ ಕೇಳಬೇಕು. ಹೊಲಿಗೆ ಮೆಷಿನ್ನಿನ ಕಬ್ಬಿಣದ ತಲೆಯನ್ನು ಇಷ್ಟು ದಿನ ಹಿಂದಿನ ಸೀಟಿಗೆ ಹಗ್ಗದಲ್ಲಿ ಬಿಗಿದು ಒಯ್ಯುತ್ತಿದ್ದ. ಇನ್ನು ಅದು ಮೆತ್ತೆಯ ಮೇಲೆ ಕೂತು ಬರುತ್ತದೆ. ಸಾಮಾನು ಇಲ್ಲದ ದಿನ ಮನುಷ್ಯರು ಕೂರಬಹುದು. ಕಾಲು ಚಾಚಬಹುದು. ಗಾಳಿಗೆ ಮುಖವೊಡ್ಡಬಹುದು. "ಲಾರಿಗೆ ಲಾರಿ, ಕಾರಿಗೆ ಕಾರು" ಎಂದ.

"ಮನುಷ್ಯರು ಅಂದ್ರೆ ಯಾರು ಡಾಕ್ಟ್ರೇ?" ಎಂದು ಇಸ್ತ್ರಿಯವನು ಸಹಜವಾಗಿ ಕೇಳಿದ.

ಡಾಕ್ಟರ್ ಚಹಾ ಊದಿಕೊಂಡ. ಅವನ ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಹಿಂದಿನ ಸೀಟು ಅವಳದು. ಅವಳು ಹೋದ ಮೇಲೆ ಅಲ್ಲಿ ಮೆಷಿನ್ನುಗಳು ಕೂತವು, ಆದರೆ ಅವು ಬೆನ್ನಿಗೆ ತಿವಿದು "ನಿಧಾನ ಹೋಗಿ" ಎನ್ನುತ್ತಿರಲಿಲ್ಲ.

"ಅಕ್ಕ" ಎಂದ ಕೊನೆಗೆ.

ಸರಕು ಬರೀ ನೆಪ. ತೊಟ್ಟಿಲು ಬಂದಿದ್ದೇ ಅಕ್ಕನಿಗಾಗಿ. ಅವನಿಗಿಂತ ಒಂಬತ್ತು ವರ್ಷ ದೊಡ್ಡವಳು. ಶಾಲೆಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತಳಾಗಿ, ಊರಿನ ಇನ್ನೊಂದು ತುದಿಯಲ್ಲಿ ಒಬ್ಬಳೇ ಇದ್ದಳು. ಬಲಮಂಡಿ ಮಡಚುತ್ತಿರಲಿಲ್ಲ, ಹಾಗಾಗಿ ಬಸ್ಸಿನ ಮೆಟ್ಟಿಲೂ ಆಗದು, ಬೈಕಿನ ಹಿಂದೆಯೂ ಆಗದು, ಆಟೋದಲ್ಲಿ ಕಾಲು ಚಾಚಲು ಜಾಗವಿಲ್ಲ. ಬಾಗಿಲು ಮುಚ್ಚಿದ ಕಾರಿನಲ್ಲಿ ಕೂತರೆ ಎರಡನೇ ತಿರುವಿಗೇ ವಾಂತಿ. ಅವಳು ತಮ್ಮನ ಮನೆಗೆ ಬಂದು ಹದಿನಾಲ್ಕು ತಿಂಗಳಾಗಿತ್ತು.

ತಮ್ಮನಾದರೂ ಹೋಗಬಹುದಿತ್ತಲ್ಲ? ಹೋಗುತ್ತಿರಲಿಲ್ಲ. ಹೋದರೆ ಅಕ್ಕ ಮುಖ ನೋಡುತ್ತಾಳೆ, ನೋಡಿದರೆ ಎಲ್ಲ ಗೊತ್ತಾಗಿಬಿಡುತ್ತದೆ. ಫೋನಿನಲ್ಲಿ ಆ ಭಯವಿಲ್ಲ. ದಿನಾ ಸಂಜೆ ಏಳೂವರೆಗೆ ಅವಳು ಫೋನ್ ಮಾಡಿ "ಏನೋ ಅಡುಗೆ?" ಎನ್ನುತ್ತಿದ್ದಳು. ಅವನು ಒಂದು ಕೈಯಲ್ಲಿ ಒಣ ಬನ್ನು ಹಿಡಿದುಕೊಂಡು ಅನ್ನ, ಎರಡು ಬಗೆ ತರಕಾರಿ, ಮೇಲೊಂದು ಮೊಸರು ಎಂದು ಸಾಂಗವಾಗಿ ಬಡಿಸುತ್ತಿದ್ದ. ಆಮೇಲೆ ಅವಳ ಸರದಿ: ಅನ್ನ, ತರಕಾರಿ, ಹಣ್ಣು.

ಇಷ್ಟಾದ ಮೇಲೆ ಗಾಡಿ ಹೊರಟಿತು. ಮೊದಲ ಎಡತಿರುವಿನಲ್ಲೇ ಖಾಲಿ ತೊಟ್ಟಿಲು ಆಕಾಶಕ್ಕೆದ್ದಿತು. ಡಾಕ್ಟರ್ ಎಡಕ್ಕೆ ತಿರುಗಿಸುತ್ತಾನೆ, ತೊಟ್ಟಿಲು ಮೇಲಕ್ಕೆ ಹೋಗುತ್ತದೆ, ಗಾಡಿ ನೇರ ಹೋಗುತ್ತದೆ. ಹಾಗೆ ನೇರ ಹೋಗಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮುಂದಿದ್ದ ಮೂರು ಹೂಕುಂಡಗಳನ್ನು ಒಡೆಯಿತು. ಒಬ್ಬ ಡಾಕ್ಟರ್ ಇನ್ನೊಬ್ಬ ಡಾಕ್ಟರಿಗೆ ಹೀಗೆ ಮಾಡಬಾರದು.

ತೊಟ್ಟಿಲನ್ನು ಕೂರಿಸಿಕೊಟ್ಟಿದ್ದ ವೆಲ್ಡರ್ ನಕ್ಕು ಸುಸ್ತಾದ. "ಖಾಲಿ ಓಡಿಸಿದ್ರಾ? ತೂಕ ಬೇಕು ಡಾಕ್ಟ್ರೇ. ಯಾರನ್ನ ಕೂರಿಸ್ತೀರೋ ಅವರಷ್ಟೇ ಮರಳು ಹಾಕ್ಕೊಂಡು ಹದಿನೈದು ದಿನ ಓಡಿಸಿ. ಕೈಗೆ ಅಭ್ಯಾಸ ಆಗುತ್ತೆ."

ಆ ಸಂಜೆಯೇ ಫೋನಿನಲ್ಲಿ ಕೇಳಿದ. "ಅಕ್ಕ, ನಿನ್ನ ತೂಕ ಎಷ್ಟು?"

"ಯಾಕೋ, ಮಾರ್ತೀಯಾ?"

"ಹಾಗಲ್ಲ, ಸುಮ್ನೆ."

"ಸುಮ್ನೆ ಕೇಳೋ ಪ್ರಶ್ನೆನಾ ಅದು? ಹೋಗಿ ಮೊಸರು ಹೆಪ್ಪು ಹಾಕು."

ಉತ್ತರ ಸಿಗಲಿಲ್ಲ. ಅವನೇ ಅಂದಾಜು ಮಾಡಿದ. ಇಂಥ ದನಿ ಹೊರಡಬೇಕಾದರೆ ಒಳಗೆ ಅರವತ್ತು ಕೆಜಿಯಾದರೂ ಇರಬೇಕು. ಚಿಕ್ಕಂದಿನಲ್ಲಿ ಇವನನ್ನು ಸೊಂಟದ ಮೇಲೆ ಹೊತ್ತುಕೊಂಡು ಇಡೀ ಪೇಟೆ ಸುತ್ತುತ್ತಿದ್ದವಳು. ವೆಲ್ಡರನ ಶೆಡ್ಡಿನಲ್ಲಿ ಅರವತ್ತು ಕೆಜಿ ಮರಳು ತೂಗಿ, ಮೂಟೆ ಕಟ್ಟಿ, ಸೀಟಿನ ಮೇಲೆ ಕೂರಿಸಿದರು. ತೊಟ್ಟಿಲು ಸಾಧುವಾಯಿತು.

ಮೂರನೇ ದಿನ ಮಳೆ ಹಿಡಿಯಿತು. ಮರಳು ನೆನೆದರೆ ಅರವತ್ತು ಹೋಗಿ ಎಂಬತ್ತಾಗುತ್ತದೆ. ಅಕ್ಕ ರಾತ್ರೋರಾತ್ರಿ ಹಾಗೆ ದಪ್ಪವಾಗುವವಳಲ್ಲ. ಮನೆಯಲ್ಲಿ ಮೊಳೆಗೆ ನೇತುಹಾಕಿದ್ದ ಹೆಂಡತಿಯ ನೀಲಿ ರೇನ್‌ಕೋಟು ಕಣ್ಣಿಗೆ ಬಿತ್ತು. ನಾಲ್ಕು ವರ್ಷ ಅದನ್ನು ಮುಟ್ಟಿರಲಿಲ್ಲ. ಒಂದು ಗಳಿಗೆ ಹಿಡಿದು ನಿಂತು, ಆಮೇಲೆ ತೆಗೆದು ಮೂಟೆಗೆ ತೊಡಿಸಿದ. ನೀರು ನಿಲ್ಲದಿರಲೆಂದು ಕೋಟಿನ ಟೋಪಿಯೊಳಗೆ ಹಳೆ ಬಟ್ಟೆ ತುರುಕಿದ. ಅಷ್ಟೇ ಅವನು ಮಾಡಿದ್ದು.

ಸಿಗ್ನಲ್ಲಿನಲ್ಲಿ ಟ್ರಾಫಿಕ್ ಪೊಲೀಸ್ ಕೊಡೆ ಹಿಡಿದು ಹತ್ತಿರ ಬಂದ. "ಏನ್ರೀ, ಆಯಮ್ಮಂಗೆ ಹೆಲ್ಮೆಟ್ ಎಲ್ಲಿ?"

ಮರಳು ಸಾರ್ ಎಂದಿದ್ದರೆ ಮುಗಿಯುತ್ತಿತ್ತು. ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಪೊಲೀಸ್ ದನಿ ತಗ್ಗಿಸಿ "ನಿಮ್ಮ ಮನೆಯವರಾ?" ಎಂದ. ನಾಲ್ಕು ವರ್ಷದಿಂದ ಯಾರೂ ಅವನನ್ನು ಆ ಪ್ರಶ್ನೆ ಕೇಳಿರಲಿಲ್ಲ.

"ಹೂಂ" ಎಂದುಬಿಟ್ಟ.

"ಹುಷಾರಿಲ್ವಾ? ಬಾಗ್ಕೊಂಡು ಕೂತಿದ್ದಾರೆ."

"ಸ್ವಲ್ಪ ಸುಸ್ತು ಸಾರ್."

"ಸರಿ, ಬೇಗ ಕರ್ಕೊಂಡು ಹೋಗಿ. ನಾಳೆಯಿಂದ ಹೆಲ್ಮೆಟ್ ಹಾಕ್ಸಿ."

ಮಾರನೆಯ ದಿನ ಮರಳು ಹೆಲ್ಮೆಟ್ ಹಾಕಿಕೊಂಡಿತು. ಅದರ ಹಿಂದೆಯೇ ಪೊಲೀಸಿನ ಬಾಯಿಂದ, ಡಾಕ್ಟರ್ ಮತ್ತೆ ಮದುವೆಯಾದನೆಂದು ಸುದ್ದಿ ಹೊರಟಿತು. ಬೀದಿಯಲ್ಲಿ ಎಲ್ಲರೂ ನೋಡಿದ್ದರು: ಡಾಕ್ಟರ ಪಕ್ಕದಲ್ಲಿ ನೀಲಿ ಕೋಟಿನವಳು, ತಲೆ ಎತ್ತದವಳು, ಒಂದು ಮಾತೂ ಆಡದವಳು. ಇಸ್ತ್ರಿಯವನು ಮುನಿಸಿಕೊಂಡ. "ನಮಗೂ ಒಂದು ಮಾತು ಹೇಳಬಾರದಿತ್ತಾ ಡಾಕ್ಟ್ರೇ?"

"ಎಲ್ಲಾ ತರಾತುರೀಲಿ ಆಗ್ಹೋಯ್ತು" ಎಂದ ಡಾಕ್ಟರ್. ಈ ಬಾಯಿ ಅವನದೇ ಹೌದೇ ಎಂದು ಅವನಿಗೇ ಅನುಮಾನ ಬಂತು.

"ಮನೆಯಿಂದ ಆಚೆ ಬರೋದೇ ಇಲ್ವಲ್ಲ?"

"ನಾಚಿಕೆ ಸ್ವಭಾವ."

ಸುಳ್ಳು ಹೇಳಬಾರದು, ಅವನಿಗೆ ಹಿತವಾಗಿತ್ತು. ಜನ ಅವನನ್ನು ನೋಡಿ ನಗುತ್ತಿದ್ದರು, ಅಂಗಡಿಯವನು "ಇಬ್ಬರಿಗೆ ಇಷ್ಟು ಸಾಕಾ?" ಎನ್ನುತ್ತಿದ್ದ. ಸಿಗ್ನಲ್ಲಿನಲ್ಲಿ ನಿಂತಾಗ ಅವನು ಎಡಕ್ಕೆ ವಾಲಿ "ಗಾಳಿ ಜಾಸ್ತಿ ಆಯ್ತಾ?" ಎಂದು ಕೇಳುವುದೂ ಶುರುವಾಯಿತು. ಮೂಟೆ ಒಪ್ಪಿಕೊಳ್ಳುತ್ತಲೂ ಇರಲಿಲ್ಲ, ಬೈಯುತ್ತಲೂ ಇರಲಿಲ್ಲ. ಮನೆಗೆ ಬಂದ ಮೇಲೆ ಮಾತ್ರ ಕಷ್ಟ. ಅರವತ್ತು ಕೆಜಿಯನ್ನು ಇಳಿಸಲಾಗದೆ ಹಿತ್ತಲಿನಲ್ಲೇ ಟಾರ್ಪಾಲು ಹೊದಿಸಿ, ಒಬ್ಬನೇ ಒಳಗೆ ಬಂದು ದೀಪ ಹಾಕುತ್ತಿದ್ದ. ತಟ್ಟೆ ಒಂದು, ಲೋಟ ಒಂದು, ಕುರ್ಚಿ ಎರಡು. ಎರಡನೆಯದರ ಮೇಲೆ ಒಗೆದ ಬಟ್ಟೆಯ ರಾಶಿ.

ಅಂಥ ಒಂದು ಸಂಜೆ ಏಳೂವರೆಗೆ ಫೋನ್ ಬರಲಿಲ್ಲ. ಮರುದಿನವೂ ಇಲ್ಲ. ಅದರ ಮರುದಿನ ಅವನು ಫೋನ್ ಕೆಟ್ಟಿರಬಹುದೆಂದು, ಮೇಲ್ಮನೆಯಲ್ಲಿದ್ದ, ಅಕ್ಕನಿಗೂ ಪರಿಚಯವಿದ್ದ ನರ್ಸಿನಿಂದ ತನಗೇ ಕರೆ ಮಾಡಿಸಿ ನೋಡಿದ. ಗಟ್ಟಿಯಾಗಿಯೇ ಬಡಿದುಕೊಂಡಿತು.

"ನಾನೇ ನಿಮ್ಮ ಅಕ್ಕಂಗೆ ಸಿಹಿಸುದ್ದಿ ಹೇಳಿದೆ" ಎಂದಳು ನರ್ಸ್. "ನೀವು ಸಂಕೋಚದ ಮನುಷ್ಯ, ನೀವಾಗೇ ಹೇಳೋದಿಲ್ಲ ಅಂತ ಗೊತ್ತಿತ್ತು."

ಡಾಕ್ಟರ್ ಮೆಟ್ಟಿಲ ಮೇಲೆಯೇ ಕೂತ. ಅಕ್ಕನಿಗೆ ಈಗ ಏನೆಂದು ಹೇಳುವುದು? ಮದುವೆಯಾಗಿದೆಯೆಂದರೆ ತಿಳಿಸದಿದ್ದುದಕ್ಕೆ ಬೈಗುಳ, ಆಗಿಲ್ಲವೆಂದರೆ ಮರಳಿನ ಜತೆ ಮಾತಾಡಿಕೊಂಡಿದ್ದ ಕಥೆ ಹೇಳಬೇಕು. ಯೋಚಿಸುತ್ತಾ ಕೂತಷ್ಟರಲ್ಲಿ ಫೋನಿಲ್ಲದ ದಿನಗಳು ಒಂಬತ್ತಾದವು. ಆ ಒಂಬತ್ತು ದಿನ ಏಳೂವರೆಯ ಹೊತ್ತಿಗೆ ಮನೆ ಎಷ್ಟು ಸದ್ದಿಲ್ಲದೆ ಇರಬಲ್ಲದು ಎಂದು ಅವನಿಗೆ ತಿಳಿಯಿತು. ಕೊನೆಗೆ ತಾನೇ ಫೋನ್ ಮಾಡಿದ.

"ಯಾಕಕ್ಕಾ ಫೋನೇ ಇಲ್ಲ?"

"ನಿನಗೀಗ ಪುರುಸೊತ್ತು ಎಲ್ಲಿರುತ್ತೆ ಬಿಡು." ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆದರಿಕೆಯಾಯಿತು.

"ಭಾನುವಾರ ನಿನ್ನ ಕರ್ಕೊಂಡು ಬರೋಕೆ ಬರ್ತೀನಿ."

"ಇಬ್ಬರೂ ಬನ್ನಿ" ಎಂದು ಫೋನ್ ಇಟ್ಟಳು.

ಭಾನುವಾರ ಜಿಟಿಜಿಟಿ ಮಳೆ. ಅವನ ಯೋಜನೆ ಸರಳವಾಗಿತ್ತು. ಅಕ್ಕನ ಮನೆಗೆ ಒಂದು ಬೀದಿ ಇರುವಾಗಲೇ ನಿಲ್ಲಿಸಿ, ಕೋಟು ಹೆಲ್ಮೆಟ್ಟು ಕಿತ್ತು, ಮರಳು ಸುರಿದು, ಖಾಲಿ ತೊಟ್ಟಿಲನ್ನು ತಳ್ಳಿಕೊಂಡು ಹೋಗಿ, "ಯಾರೋ ಏನೋ ಹೇಳಿದ್ದಾರೆ" ಎನ್ನುವುದು. ಆ ತಿರುವಿನಲ್ಲಿ ದಪ್ಪ ಕೋಟು ತೊಟ್ಟು, ಕೋಲೂರಿ, ಕೊಡೆ ಹಿಡಿದು ಅಕ್ಕನೇ ನಿಂತಿದ್ದಳು. ಅಷ್ಟು ದೂರ ನಡೆದು ಬಂದಿದ್ದಳು.

ಅವನ ಕಡೆ ನೋಡಲೇ ಇಲ್ಲ. ಕೊಡೆಯನ್ನು ತೊಟ್ಟಿಲಿನ ಮೇಲೆ ಹಿಡಿದು ಬಗ್ಗಿದಳು. "ಬಾಮ್ಮ. ನೀನು ಬಂದಿದ್ದು ತುಂಬಾ ಸಂತೋಷ. ಇವನು ಕೆಟ್ಟವನಲ್ಲ, ಆದರೆ ಊಟ ಮರೀತಾನೆ, ಮನಸ್ಸಲ್ಲಿರೋದು ಹೇಳೋದಿಲ್ಲ. ನೀನೇ ಗದರಿಸ್ಕೊಂಡು ನೋಡ್ಕೋಬೇಕು. ಯಾಕಮ್ಮ ತಲೆ ಬಗ್ಗಿಸ್ಕೊಂಡಿದ್ದೀಯಾ? ನಾನೇನು ಕಚ್ತೀನಾ?"

ಬಗಲಿನಿಂದ ಒಂದು ಪೊಟ್ಟಣ ತೆಗೆದಳು. ತಾನೇ ಹೆಣೆದ ಉಣ್ಣೆಯ ಶಾಲು. ಅದನ್ನು ಕೈಗೆ ಕೊಡಲೆಂದು ಕೋಟಿನ ತೋಳು ಹಿಡಿದಳು. ತೋಳಿನಲ್ಲಿ ಕೈ ಇರಲಿಲ್ಲ. ಇನ್ನಷ್ಟು ಎಳೆದಳು. ಹೆಲ್ಮೆಟ್ ಒಂದು ಕಡೆಗೆ ವಾಲಿ ಬಿತ್ತು, ಮೂಟೆಯ ಬಾಯಿ ಸಡಿಲಿ ಅವಳ ಚಪ್ಪಲಿಯ ಮೇಲೆ ಸಣ್ಣಗೆ ಮರಳು ಸುರಿಯಿತು.

"ಏನೋ ಇದು?"

"ಮರಳು."

"ಎಷ್ಟು?" ಗಣಿತದ ಮೇಡಂ ಅಲ್ಲವೇ.

"ಅರವತ್ತು ಕೆಜಿ."

"ಯಾಕೆ?"

"ನಿನ್ನ ತೂಕ ಅಂತ."

ಅಕ್ಕ ಅಲ್ಲೇ ಮೋರಿಯ ಕಟ್ಟೆಯ ಮೇಲೆ ಕೂತು ನಕ್ಕಳು. ಕೋಲು ಬಿದ್ದುಹೋಗುವಷ್ಟು ನಕ್ಕಳು. ಅವನೂ ನಗಲು ಶುರು ಮಾಡಿದಾಗ ಅವಳು ನಿಲ್ಲಿಸಿದ್ದಳು. "ಒಂಬತ್ತು ದಿನ ನೆಮ್ಮದಿಯಾಗಿ ನಿದ್ದೆ ಮಾಡಿದ್ನಲ್ಲೋ" ಎಂದಳು. "ಮನೇಲಿ ಯಾರೋ ಒಬ್ಬರು ಇದ್ದಾರೆ, ಇನ್ನು ನಾನು ದಿನಾ ಫೋನ್ ಮಾಡಿ ಕಾಟ ಕೊಡೋದು ಬೇಡ ಅಂತ ಕೈಕಟ್ಟಿ ಕೂತಿದ್ದೆ. ಏಳೂವರೆಗೆ ಏನು ಮಾಡೋದು ಗೊತ್ತಾಗದೆ ಈ ಶಾಲು ಹೆಣೆದೆ."

ಅವನು ಮೂಟೆಯನ್ನು ಉರುಳಿಸಿ, ಮರಳನ್ನೆಲ್ಲ ರಸ್ತೆಯ ಗುಂಡಿಗೆ ಸುರಿದ. ಸೀಟು ಒರೆಸಿದ. ಅಕ್ಕ ಬಲಗಾಲು ನೀಳವಾಗಿ ಚಾಚಿ, ಶಾಲನ್ನು ತಾನೇ ಹೊದ್ದು, ಕೊಡೆ ಬಿಚ್ಚಿಕೊಂಡು ಮಹಾರಾಣಿಯ ಹಾಗೆ ಕೂತಳು. "ಪರವಾಗಿಲ್ವೋ, ಕಾಲಿಗೆ ಹಿತವಾಗಿದೆ. ಹೊರಡು" ಎಂದಳು.

ಡಾಕ್ಟರ ಎದೆ ಉಬ್ಬಿತು. ಹದಿನೈದು ದಿನದ ಅಭ್ಯಾಸ. ಅಂಚೆ ಕಚೇರಿಯ ಬಳಿ ಎಡಕ್ಕೆ ಠೀವಿಯಿಂದ ತಿರುಗಿಸಿದ. ತೊಟ್ಟಿಲು ಎದ್ದಿತು. ಅಕ್ಕ, ಕೊಡೆ, ಚಾಚಿದ ಕಾಲು, ಎಲ್ಲವೂ ಒಟ್ಟಿಗೆ ಗಾಳಿಯಲ್ಲಿ ಮೇಲೇರಿ ಅವನ ಭುಜದ ಮಟ್ಟಕ್ಕೆ ಬಂದವು. "ತಮ್ಮಾ, ನಾನು ಇಲ್ಲಿದ್ದೀನಿ" ಎಂದಳು ಮೇಲಿನಿಂದ. ಅವನು ಬ್ರೇಕು ಹಾಕಿದ. ಚಕ್ರ ಧೊಪ್ಪನೆ ನೆಲಕ್ಕೆ ಬಿತ್ತು. ಕೊಡೆ ಮಗುಚಿಕೊಂಡಿತು.

ತಪ್ಪಾದದ್ದು ಎಲ್ಲಿ? ಅವನು ಇಳಿದು ಚಕ್ರ ನೋಡಿದ, ಬೋಲ್ಟು ನೋಡಿದ. ಎಲ್ಲ ಸರಿಯಿತ್ತು. ಕಡೆಗೆ ಅಕ್ಕನನ್ನು ನೋಡಿದ. ಕೋಟಿನ ಗುಂಡಿ ಬಿಚ್ಚಿಕೊಂಡಿತ್ತು, ಅದರೊಳಗೆ ಅಕ್ಕ ಸ್ವಲ್ಪವೇ ಇದ್ದಳು. ಹದಿನಾಲ್ಕು ತಿಂಗಳು ಅವನು ದನಿಯನ್ನು ಮಾತ್ರ ಕೇಳಿಕೊಂಡಿದ್ದ.

"ಅಕ್ಕ, ನಿಜ ಹೇಳು. ಎಷ್ಟಿದ್ದೀಯ?"

ಅವಳು ಕೊಡೆ ಸರಿಮಾಡಿಕೊಳ್ಳುತ್ತಾ ಬೇರೆ ಕಡೆ ನೋಡಿದಳು. "ಮೂವತ್ತೊಂಬತ್ತು. ಅದೂ ಚಪ್ಪಲಿ ಹಾಕ್ಕೊಂಡು."

"ದಿನಾ ಅನ್ನ, ತರಕಾರಿ, ಹಣ್ಣು ಅಂತಿದ್ದೆ?"

"ನೀನೂ ಅಂತಿದ್ದೆ."

ಒಬ್ಬರಿಗೊಬ್ಬರು ಫೋನಿನಲ್ಲಿ ಬಡಿಸಿದ ಊಟವನ್ನೆಲ್ಲ ನಿಜವಾಗಿ ಉಂಡಿದ್ದರೆ ತೊಟ್ಟಿಲು ಏಳುತ್ತಿರಲಿಲ್ಲ. ಅವನಿಗೆ ಅಳು ಬಂತು, ಮಳೆಯಿದ್ದುದರಿಂದ ಲೆಕ್ಕಕ್ಕೆ ಬರಲಿಲ್ಲ.

ಹೀಗೆ ಮನೆಯವರೆಗೆ ಹೋಗುವಂತಿರಲಿಲ್ಲ. ಮುಂದೆ ಇನ್ನೂ ಐದು ಎಡತಿರುವುಗಳಿದ್ದವು. ಎದುರಿನ ದಿನಸಿ ಅಂಗಡಿಗೆ ಹೋಗಿ ಇಪ್ಪತ್ತು ಕೆಜಿಯ ಅಕ್ಕಿ ಮೂಟೆ ಹೊತ್ತು ತಂದು, ಅಕ್ಕನ ಕಾಲಿನ ಪಕ್ಕ ಇಳಿಸಿ, ಹಗ್ಗ ಬಿಗಿದ. ಅಕ್ಕ ಮೂಟೆಯನ್ನು ತಟ್ಟಿ ನೋಡಿ, ಮನಸ್ಸಿನಲ್ಲೇ ಕೂಡಿದಳು. "ಐವತ್ತೊಂಬತ್ತು. ಸಾಕು, ಹೊರಡು."

ಗಾಡಿ ನೆಲ ಬಿಡದೆ ತಿರುಗಿತು. ಎರಡನೇ ತಿರುವು ದಾಟಿದ ಮೇಲೆ ಅವನು ಮುಂದೆ ನೋಡಿಕೊಂಡೇ, ಗಂಟಲು ಸರಿಮಾಡಿಕೊಂಡು ಹೇಳಿದ. "ಸಂಜೆಗೇ ವಾಪಸ್ ಹೋಗ್ಬೇಡ ಅಕ್ಕ. ಈ ಅಕ್ಕಿ ಮುಗಿಯೋ ತನಕ ಆದ್ರೂ ಇರು."

"ಅಕ್ಕಿ ಮುಗಿದ ಮೇಲೆ ಹೇಗೋ ಕರ್ಕೊಂಡು ಹೋಗಿ ಬಿಡ್ತೀಯಾ? ಮೂಟೆ ಖಾಲಿಯಾಗಿರುತ್ತಲ್ಲ, ಮತ್ತೆ ತೊಟ್ಟಿಲು ಏಳುತ್ತೆ."

ಅವನಿಗೆ ಇದು ಹೊಳೆದಿರಲಿಲ್ಲ. ವೇಗ ತಗ್ಗಿಸಿದ. ಅಕ್ಕ ಕೋಲಿನಿಂದ ಅವನ ಮಂಡಿಗೆ ಒಂದು ತಿವಿದಳು.

"ದಡ್ಡ, ಏಳೋದಿಲ್ಲ. ಅಷ್ಟು ಹೊತ್ತಿಗೆ ಆ ಮೂಟೆ ನನ್ನ ಹೊಟ್ಟೇಲಿರುತ್ತೆ."